ಒಡೆಯರಿಲ್ಲದ ಬಲೆಗಳ ಜಾತಕ

ಮಾಲ್ಡೀವ್ಸ್‌ನ ಮೀನುಗಾರರು ಟ್ಯೂನಾ ಹಿಡಿಯುವುದು ಗಾಳದಿಂದ. ದೋಣಿಯ ಹಿಂಬದಿಯಲ್ಲಿ ಸಾಲಾಗಿ ನಿಂತು, ಜೀವಂತ ಸಣ್ಣ ಮೀನುಗಳನ್ನು ನೀರಿಗೆರಚಿ ಟ್ಯೂನಾ ಹಿಂಡನ್ನು ಹತ್ತಿರಕ್ಕೆ ಸೆಳೆಯುತ್ತಾರೆ. ಉದ್ದನೆಯ ಕೋಲಿಗೆ ಕಟ್ಟಿದ ಕೊಕ್ಕೆಯಿಂದ ಒಂದೊಂದೇ ಮೀನನ್ನು ಎತ್ತಿ ದೋಣಿಯೊಳಕ್ಕೆ ಹಾಕುತ್ತಾರೆ. ನಮ್ಮ ಲಕ್ಷದ್ವೀಪದ ಮಿನಿಕಾಯ್‌ನಲ್ಲೂ ಇದೇ ಪದ್ಧತಿ. ಎರಚುವ ಮೀನು ಹಿಡಿಯಲು ಚಿಕ್ಕ ಬಲೆ ಇದ್ದರೆ ಸಾಕು. ದೊಡ್ಡ ಬಲೆ ಬೀಸಿ ಟ್ಯೂನಾ ಹಿಡಿಯಲು ಮಾಲ್ಡೀವ್ಸ್‌ನಲ್ಲಿ ಅವಕಾಶವಿಲ್ಲ. ಹಾಗಿದ್ದೂ ಅಲ್ಲಿನ ಸುಮಾರು 1,200 ದ್ವೀಪಗಳ ಸುತ್ತ ಬಲೆಗಳು ತೇಲಿಬರುತ್ತಲೇ ಇರುತ್ತವೆ. ಹಸಿರು, ನೀಲಿ, ಕಪ್ಪು, ಬಿಳಿ ಬಲೆಗಳು ಒಂದಕ್ಕೊಂದು ಸುತ್ತಿಕೊಂಡು ಗುಡ್ಡೆಯಾಗಿ ಬರುತ್ತವೆ. ಎಷ್ಟೋ ಸಲ ಆ ಗುಡ್ಡೆಯೊಳಗೆ ಕಡಲಾಮೆಯೂ ಇರುತ್ತದೆ.

ದೊಡ್ಡ ಬಲೆಯೇ ಹಾಕದವರ ಕಡಲಿಗೆ ಇಷ್ಟು ಬಲೆ ಎಲ್ಲಿಂದ ಬಂತು? 2013ರಲ್ಲಿ ಅಲ್ಲಿದ್ದ ಸಾಗರ ಜೀವವಿಜ್ಞಾನಿ ಮಾರ್ಟಿನ್ ಸ್ಟೆಲ್‌ಫಾಕ್ಸ್ ಈ ಪ್ರಶ್ನೆಯ ಬೆನ್ನು ಹತ್ತಿದರು. ಅವರ ಪ್ರಯತ್ನವೇ ‘ಆಲಿವ್ ರಿಡ್ಲಿ ಪ್ರಾಜೆಕ್ಟ್’ ಎಂಬ ಸಂಸ್ಥೆಯಾಯಿತು. ಸಾವಿರಾರು ಚದರ ಕಿಲೊಮೀಟರ್‌ಗಳಲ್ಲಿ ಚದುರಿಬಿದ್ದ ದ್ವೀಪಗಳನ್ನು ಒಬ್ಬ ವಿಜ್ಞಾನಿ ಎಷ್ಟು ಸುತ್ತಿಯಾರು? ಪ್ರವಾಸಿಗರನ್ನು ಡೈವಿಂಗ್‌ಗೆ ಕರೆದೊಯ್ಯುವ ಗೈಡ್‌ಗಳು, ರೆಸಾರ್ಟ್ ಸಿಬ್ಬಂದಿ, ದೋಣಿ ನಡೆಸುವವರು, ರಜೆ ಕಳೆಯಲು ಬಂದವರು ಎಲ್ಲರೂ ಇದಕ್ಕೆ ಕೈಜೋಡಿಸಿದರು. ಕಂಡ ಬಲೆಯನ್ನು ದೋಣಿಗೆ ಎಳೆದುಕೊಳ್ಳುವುದು, ಎಸೆಯುವ ಮೊದಲು ಅದರ ವಿವರ ಬರೆದು ಕಳಿಸುವುದು ಅವರ ಕೆಲಸ.

ಹೀಗೆ 51 ತಿಂಗಳಲ್ಲಿ 752 ಬಲೆಗಳು ಲೆಕ್ಕಕ್ಕೆ ಸಿಕ್ಕವು. ಅವುಗಳಲ್ಲಿ ಸಿಲುಕಿದ್ದ ಆಮೆಗಳು 131. ಮಾಲ್ಡೀವ್ಸ್‌ನ ಹವಳದ ದಿಬ್ಬಗಳಲ್ಲಿ ದಿನವೂ ಕಣ್ಣಿಗೆ ಬೀಳುವುದು ಹಸಿರಾಮೆ ಮತ್ತು ಹಾಕ್ಸ್‌ಬಿಲ್. ಆದರೆ ಬಲೆಯಲ್ಲಿ ಸಿಕ್ಕವುಗಳಲ್ಲಿ ಶೇ 97ರಷ್ಟು ಆಲಿವ್ ರಿಡ್ಲಿ! ಒಡಿಶಾದ ಗಹಿರ್‌ಮಾಥಾ, ಋಷಿಕುಲ್ಯಾ ದಡಗಳಿಗೆ ಲಕ್ಷಗಟ್ಟಲೆ ಬಂದು ಮೊಟ್ಟೆಯಿಡುವ ಆಮೆ ಇದು. ಕುಂದಾಪುರ, ಹೊನ್ನಾವರದ ಮರಳಿಗೂ ಬರುತ್ತದೆ. ಉಳಿದಂತೆ ಇದರ ಬದುಕು ಬಹುಪಾಲು ನಡುಗಡಲಿನಲ್ಲಿ. ನೆರಳೂ ಆಸರೆಯೂ ಇಲ್ಲದ ಆ ಬಯಲಿನಲ್ಲಿ ತೇಲುವ ಮರದ ದಿಮ್ಮಿಯೋ ಬಲೆಯ ಗುಡ್ಡೆಯೋ ಸಿಕ್ಕರೆ ಅದರ ಕೆಳಗೆ ಸಣ್ಣ ಮೀನು, ಏಡಿ, ಪಾಚಿ ಸೇರಿಕೊಳ್ಳುತ್ತವೆ. ಆಮೆ ತಿನ್ನಲು, ವಿರಮಿಸಲು ಅಲ್ಲಿಗೇ ಬರುತ್ತದೆ. ಮುಂಗಾಲು ಒಂದು ಎಳೆಗೆ ಸಿಕ್ಕಿತೆಂದರೆ ಬಿಡಿಸಿಕೊಳ್ಳಲು ಹೊರಳಾಡುತ್ತದೆ; ಹೊರಳಿದಷ್ಟೂ ನೂಲು ಬಿಗಿಯುತ್ತದೆ.

ಇನ್ನು ಬರೆದಿಡುವ ಕೆಲಸ. ನೋಡಲು ಸುಲಭ, ಮಾಡಲು ತಾಳ್ಮೆ ಬೇಕು. ಬಲೆ ಸಿಕ್ಕ ಜಾಗ, ದಿನಾಂಕ, ನೀರಿನ ಮೇಲಿತ್ತೋ ಹವಳಕ್ಕೆ ಸಿಕ್ಕಿಕೊಂಡಿತ್ತೋ ಎಂಬುದು ಮೊದಲು. ಆಮೇಲೆ ಅಳತೆ. ಬಲೆಯ ಒಂದು ಕಣ್ಣನ್ನು ಬಿಗಿಯಾಗಿ ಎಳೆದು ಹಿಡಿದು, ಎದುರುಬದುರಿನ ಗಂಟುಗಳ ನಡುವಿನ ಅಂತರವನ್ನು ಸ್ಕೇಲಿಟ್ಟು ನೋಡಬೇಕು. ನೂಲಿನ ದಪ್ಪವೆಷ್ಟು, ಅದು ಹುರಿಗೊಳಿಸಿದ್ದೋ ಜಡೆಯಂತೆ ಹೆಣೆದದ್ದೋ, ಗಂಟು ಹಾಕಿದ ಬಲೆಯೋ ಗಂಟಿಲ್ಲದ್ದೋ, ಬಣ್ಣ ಯಾವುದು, ತೇಲುಬೆಂಡು ಇದೆಯೇ, ಅದರ ಮೇಲೆ ಅಕ್ಷರವೇನಾದರೂ ಉಳಿದಿದೆಯೇ ಎಂದು ಪರೀಕ್ಷಿಸಬೇಕು. ಒಂದೇ ಗುಡ್ಡೆಯಲ್ಲಿ ಬೇರೆ ಬೇರೆ ಬಲೆಗಳ ತುಂಡುಗಳಿದ್ದರೆ ಒಂದೊಂದಕ್ಕೂ ಪ್ರತ್ಯೇಕ ಲೆಕ್ಕ. ಸ್ಕೇಲನ್ನು ಪಕ್ಕದಲ್ಲಿಟ್ಟು ಫೋಟೊ ತೆಗೆಯಬೇಕು. ಸಿಕ್ಕಿದ ಪ್ರಾಣಿ ಬದುಕಿದ್ದರೂ ಸತ್ತಿದ್ದರೂ, ಬರೀ ಮೂಳೆ ಉಳಿದಿದ್ದರೂ ಅದನ್ನು ದಾಖಲಿಸಬೇಕು. ಇವೆಲ್ಲ ನಡೆಯುವುದು ಅಲ್ಲಾಡುವ ದೋಣಿಯಲ್ಲಿ, ಕೊಳೆತ ಮೀನಿನ ನಾತದ ನಡುವೆ, ಸುಡುವ ಬಿಸಿಲಲ್ಲಿ.

ಈ ವಿವರಗಳಿಂದ ಬಲೆಯ ಕುಲಗೋತ್ರ ತಿಳಿಯುತ್ತದೆ. ಮೀನಿನ ಕಿವಿರು ಸಿಕ್ಕಿಕೊಳ್ಳುವಂತೆ ಗೋಡೆಯಾಗಿ ಬಿಡುವ ಗಿಲ್‌ನೆಟ್‌ನ ಕಣ್ಣು ಒಂದು ತೆರ. ಹಿಂಡನ್ನು ಸುತ್ತುವರಿದು ತಳ ಬಿಗಿಯುವ ಪರ್ಸಿನ್ ಬಲೆಯ ನೇಯ್ಗೆ ಇನ್ನೊಂದು ತೆರ. ಮಾಲ್ಡೀವ್ಸ್ ದಾಖಲೆಗಳನ್ನು ಹರಡಿ ನೋಡಿದಾಗ ಈಶಾನ್ಯ ಮಾರುತದ ತಿಂಗಳುಗಳಲ್ಲಿ ಗಿಲ್‌ನೆಟ್‌ಗಳು ಹೆಚ್ಚು ಬರುತ್ತಿದ್ದವು. ಆಗ ಹಿಂದೂ ಮಹಾಸಾಗರದ ಪ್ರವಾಹ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ, ಎಂದರೆ ಬಂಗಾಳ ಕೊಲ್ಲಿಯ ಕಡೆಯಿಂದ. ಬಲೆಗೆ ಅಂಟಿ ಬೆಳೆಯುವ ಬಾರ್ನಕಲ್ ಎಂಬ ಚಿಪ್ಪುಜೀವಿಯೂ ಸಾಕ್ಷಿ ನುಡಿಯಿತು. ಅದರ ಉದ್ದ ಅಳೆದರೆ ಬಲೆ ಕನಿಷ್ಠ ಎಷ್ಟು ದಿನ ನೀರಿನಲ್ಲಿತ್ತು ಎಂದು ಅಂದಾಜಿಸಬಹುದು. ಹೀಗೆ ಪರೀಕ್ಷಿಸಿದ ಎಂಟು ಬಲೆಗಳು ಸುಮಾರು ಒಂದು ವಾರದಿಂದ ನೂರು ದಿನಗಳವರೆಗೆ ತೇಲಿದ್ದವು. ಹಳೆಯ 326 ದಾಖಲೆಗಳನ್ನು ಪ್ರವಾಹಗಳ ಕಂಪ್ಯೂಟರ್ ಮಾದರಿಗೆ ಕೊಟ್ಟು ಹಿಮ್ಮುಖವಾಗಿ ಓಡಿಸಿದಾಗ ಶ್ರೀಲಂಕಾದ ಗಿಲ್‌ನೆಟ್ ಮೀನುಗಾರಿಕೆಯತ್ತ, ಸ್ಪೇನ್, ಫ್ರಾನ್ಸ್, ಸೆಶೆಲ್ಸ್, ಕೊರಿಯಾ ಮೊದಲಾದ ದೇಶಗಳ ಪರ್ಸಿನ್ ಹಡಗುಗಳತ್ತ ಜಾಡು ಹೋಯಿತು. ಸಿಕ್ಕಿಬಿದ್ದ ಆಮೆಗಳ ವಂಶವಾಹಿ ಪರೀಕ್ಷೆಯೂ ನಡೆಯಿತು. ಅವುಗಳ ತವರು ಬಹುಮಟ್ಟಿಗೆ ಶ್ರೀಲಂಕಾ ಮತ್ತು ಭಾರತದ ಪೂರ್ವ ಕರಾವಳಿ ಎಂದು ತಿಳಿಯಿತು.

ಆ 131 ಆಮೆಗಳು ಮನುಷ್ಯರ ಕಣ್ಣಿಗೆ ಬಿದ್ದವು ಮಾತ್ರ. ಸಿಕ್ಕ ಆಮೆ ಸತ್ತು, ಕೊಳೆತು, ಶಾರ್ಕ್‌ಗಳ ಪಾಲಾಗಿ ಬಲೆ ಖಾಲಿಯಾಗುತ್ತದೆ. ಖಾಲಿಯಾದ ಬಲೆ ಮುಂದಿನದನ್ನು ಹಿಡಿಯುತ್ತದೆ. ಕಣ್ಣಿಗೆ ಬೀಳುವ ಮೊದಲೇ ಈ ಬಲೆಗಳು ಅದೇ ಅವಧಿಯಲ್ಲಿ 3,400ರಿಂದ 12,200 ಆಮೆಗಳನ್ನು ಹಿಡಿದಿರಬಹುದೆಂದು ಸ್ಟೆಲ್‌ಫಾಕ್ಸ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಆಸ್ಟ್ರೇಲಿಯಾದ ಉತ್ತರ ತುದಿಯಲ್ಲೂ ಚಿತ್ರ ಇಂಥದ್ದೇ. ಕಾರ್ಪೆಂಟೇರಿಯಾ ಕೊಲ್ಲಿಯ ದಡಗಳಲ್ಲಿ ಅಲ್ಲಿನ ಮೂಲನಿವಾಸಿ ಸಮುದಾಯಗಳ ರೇಂಜರ್‌ಗಳು 2004ರಿಂದ ‘ಘೋಸ್ಟ್‌ನೆಟ್ಸ್ ಆಸ್ಟ್ರೇಲಿಯಾ’ ಹೆಸರಿನಲ್ಲಿ ಬಲೆ ಎತ್ತಿ ದಾಖಲಿಸುತ್ತ ಬಂದರು. ಅವರು ದಾಖಲಿಸಿದ 8,690 ಬಲೆಗಳು 4,866ರಿಂದ 14,600 ಆಮೆಗಳನ್ನು ಹಿಡಿದಿರಬಹುದು ಎಂಬ ಅಂದಾಜು ಆ ದಾಖಲೆಗಳಿಂದಲೇ ಹೊರಟಿತು. ಆ ಬಲೆಗಳಲ್ಲಿ ಹೆಚ್ಚಿನವು ಆಗ್ನೇಯ ಏಷ್ಯಾದ ಕಡೆಯಿಂದ ಬಂದವು. ದಡ ಗುಡಿಸುವುದಷ್ಟೇ ಗುರಿಯಾಗಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಜೀವಂತ ಸಿಕ್ಕ ಆಮೆಯ ಪಾಡೂ ಸುಲಭದ್ದಲ್ಲ. ನೈಲಾನ್ ನೂಲು ಚರ್ಮ, ಮಾಂಸ ಸೀಳಿ ಮೂಳೆಯವರೆಗೆ ಇಳಿದಿರುತ್ತದೆ. ರಕ್ತ ಹರಿಯದೆ ಕೊಳೆತ ಮುಂಗಾಲನ್ನು ಎಷ್ಟೋ ಸಲ ಕತ್ತರಿಸಲೇಬೇಕು. ಒಂದು ಕಾಲು ಹೋದ ಆಮೆ ಈಜಲು ಕಲಿತು ಕಡಲಿಗೆ ಮರಳಬಲ್ಲದು ಎಂಬುದು ಸಮಾಧಾನದ ಸಂಗತಿ. ಇನ್ನು ಕೆಲವಕ್ಕೆ ಗಾಯ ಮಾಗಿದರೂ ಮುಳುಗಲು ಬರುವುದಿಲ್ಲ. ಶ್ವಾಸಕೋಶ ಹರಿದು ಮೈಯೊಳಗೆ ಗಾಳಿ ತುಂಬಿ, ಬೆನ್ನು ಮೇಲೆ ಮಾಡಿಕೊಂಡು ತೇಲುತ್ತಲೇ ಇರುತ್ತವೆ. ಮುಳುಗದ ಆಮೆಗೆ ಆಹಾರ ಸಿಗುವುದಿಲ್ಲ, ದೋಣಿಯ ಪ್ರೊಪೆಲರ್‌ನಿಂದ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಮಾಲ್ಡೀವ್ಸ್‌ನ ಬಾ ಹವಳದ್ವೀಪ ಸಮೂಹದಲ್ಲಿ 2017ರಲ್ಲಿ ತೆರೆದ ಆಮೆ ಆಸ್ಪತ್ರೆಯಲ್ಲಿ ಇಂಥವಕ್ಕೆ ತಿಂಗಳುಗಟ್ಟಲೆ ಆರೈಕೆ ನಡೆಯುತ್ತದೆ.

ಹಾಗಾದರೆ ತಪ್ಪು ಯಾರದು? ಮೀನುಗಾರರತ್ತ ಬೆರಳು ತೋರಿಸುವ ಮೊದಲು ಒಂದು ಮಾತು ನೆನಪಿಡಬೇಕು: ಲಕ್ಷಗಟ್ಟಲೆ ಸುರಿದು ಕೊಂಡ ಬಲೆಯನ್ನು ಯಾರೂ ಸುಮ್ಮನೆ ಕಡಲಿಗೆ ಎಸೆಯುವುದಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಮಲ್ಪೆ, ಮಂಗಳೂರು, ಗಂಗೊಳ್ಳಿಯ ಬಂದರುಗಳಿಗೆ ಹೋದರೆ ಬಲೆಯ ರಾಶಿಯ ಮುಂದೆ ಕೂತು ಹರಿದ ಕಣ್ಣುಗಳನ್ನು ಒಂದೊಂದಾಗಿ ಸರಿಪಡಿಸುವವರನ್ನು ಕಾಣಬಹುದು. ಬಲೆ ಅವರ ಬದುಕು. ಅದು ಕೈತಪ್ಪುವುದು ಬಂಡೆಗೆ ಸಿಕ್ಕಿದಾಗ, ಗಾಳಿಮಳೆಗೆ ಲಂಗರು ಕಿತ್ತಾಗ, ರಾತ್ರಿ ಬಿಟ್ಟ ಗಿಲ್‌ನೆಟ್ ಮೇಲೆ ಟ್ರಾಲ್ ಬೋಟ್ ಹಾದುಹೋದಾಗ. ಬಂದರಿನಲ್ಲಿ ಹಳೆಯ ಬಲೆ ಒಪ್ಪಿಸಲು ಜಾಗವಿಲ್ಲದ ಕಡೆ ತುಂಡು ಬಲೆ ನೀರು ಸೇರುವುದೂ ಉಂಟು, ಅದು ತಪ್ಪೇ. ಏಳು ದೇಶಗಳ 450 ಮೀನುಗಾರರನ್ನು ಮಾತನಾಡಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಗತ್ತಿನ ಮೀನುಗಾರಿಕೆ ಸಾಮಗ್ರಿಯಲ್ಲಿ ಶೇ 2ರಷ್ಟು ಪ್ರತಿವರ್ಷ ಕಡಲುಪಾಲಾಗುತ್ತದೆ. ಗಿಲ್‌ನೆಟ್ ಒಂದನ್ನೇ ಲೆಕ್ಕ ಹಿಡಿದರೂ 2,963 ಚದರ ಕಿಲೊಮೀಟರ್!

ಈ ಅಧ್ಯಯನಕ್ಕೂ ಮೊದಲು ಎಷ್ಟೋ ಲೇಖನಗಳೂ ಭಾಷಣಗಳೂ ಬಳಸುತ್ತಿದ್ದ ಅಂಕಿ ಬೇರೆಯೇ ಇತ್ತು: ವರ್ಷಕ್ಕೆ 6,40,000 ಟನ್. ಅದರ ಮೂಲ ಹುಡುಕಿದವರಿಗೆ ಸಿಕ್ಕಿದ್ದು 1975ರ ಒಂದು ಅಂದಾಜು. ಕಡಲಿಗೆ ಸೇರುವ ಒಟ್ಟು ಕಸ 64 ಲಕ್ಷ ಟನ್ ಎಂದು ಅದು ಹೇಳಿತ್ತು; ಅದರಲ್ಲಿ ಹತ್ತರಲ್ಲೊಂದು ಪಾಲು ಬಲೆ ಇರಬಹುದೆಂದು ಆಮೇಲೆ ಗುಣಿಸಿದ್ದು. 2009ರ ವಿಶ್ವಸಂಸ್ಥೆಯ ವರದಿಯ ನಂತರ ಆ ಅಂಕಿ ಊರೂರು ಸುತ್ತಿತು. ಹಳೆಯ ಅಂದಾಜಿನ ಮೇಲೆ ನಿಂತು ಕಾನೂನು ಮಾಡಲಾಗದು. ಯಾವ ಬಗೆಯ ಬಲೆ, ಯಾವ ಕಡಲಲ್ಲಿ, ಯಾವ ತಿಂಗಳು ಎಂದು ಗೊತ್ತಾದರೆ ಮಾತ್ರ ಯಾವ ಬಂದರಿಗೆ ಹೋಗಿ ಯಾರೊಡನೆ ಮಾತಾಡಬೇಕೆಂದು ತಿಳಿಯುತ್ತದೆ. ಸ್ವಯಂಸೇವಕರ ಸ್ಕೇಲು, ಪೆನ್ಸಿಲು ಅಷ್ಟು ದೂರ ಮುಟ್ಟುತ್ತವೆ.

ಲೆಕ್ಕ ಸಿಕ್ಕಾಗ ನಿಯಮ ಬದಲಾಗುತ್ತದೆ ಎಂಬುದಕ್ಕೆ ಹಿಂದೂ ಮಹಾಸಾಗರದಲ್ಲೇ ಉದಾಹರಣೆಯಿದೆ. ಟ್ಯೂನಾ ಹಡಗುಗಳು ಮೀನನ್ನು ಒಟ್ಟುಗೂಡಿಸಲು ಕಡಲಿಗೆ ತೆಪ್ಪಗಳನ್ನು ತೇಲಿಬಿಡುತ್ತವೆ. ಅವುಗಳ ಕೆಳಗೆ ಹಳೆಯ ಬಲೆಯನ್ನು ಪರದೆಯಂತೆ ಇಳಿಬಿಡುತ್ತಿದ್ದರು. ಆ ಪರದೆಗಳಲ್ಲಿ ಸಿಲುಕಿ ಪ್ರತಿವರ್ಷ 4.8 ಲಕ್ಷದಿಂದ 9.6 ಲಕ್ಷ ರೇಷ್ಮೆ ಶಾರ್ಕ್‌ಗಳು ಸಾಯುತ್ತಿರಬಹುದೆಂದು 2013ರ ಅಧ್ಯಯನವೊಂದು ತೋರಿಸಿತು. ಮುಂದೆ ಹಿಂದೂ ಮಹಾಸಾಗರ ಟ್ಯೂನಾ ಆಯೋಗ ಇಂಥ ತೆಪ್ಪಗಳಲ್ಲಿ ಬಲೆ ಬಳಸಬಾರದೆಂದು ನಿಯಮ ತಂದಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಬಲೆಗಳಿಗೆ ಗುರುತು ಹಾಕುವ ಸ್ವಯಂಪ್ರೇರಿತ ಮಾರ್ಗಸೂಚಿ ಹೊರಡಿಸಿದೆ. ಗುರುತಿದ್ದರೆ ಕಳೆದುಹೋದ ಬಲೆ ಒಡೆಯನಿಗೆ ಮರಳಬಹುದು. ಮೀನುಗಾರರಿಗೂ ಅದು ಲಾಭವೇ.

ನಮ್ಮ ಪಕ್ಕದ ಕೇರಳದಲ್ಲಿ, ಕೊಲ್ಲಂ ಬಳಿಯ ನೀಂಡಕರ ಬಂದರಿನಲ್ಲಿ, 2017ರಿಂದ ಟ್ರಾಲ್ ಬೋಟಿನವರೇ ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಕಡಲಿಗೆ ಮರಳಿ ಹಾಕದೆ ದಡಕ್ಕೆ ತರುತ್ತಿದ್ದಾರೆ. ಅದನ್ನು ಚೂರು ಮಾಡಿ ರಸ್ತೆ ಹಾಕಲು ಬಳಸಿದ್ದೂ ಆಗಿದೆ. ಕಡಲನ್ನು ದಿನವೂ ನೋಡುವವರು ಮೀನುಗಾರರು. ಬಲೆ ಎಲ್ಲಿ ಸಿಕ್ಕಿಕೊಂಡಿದೆ, ಯಾವ ಬಂಡೆ ಬಲೆ ತಿನ್ನುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಡೈವರ್‌ಗೂ ಗೊತ್ತಿಲ್ಲ. ದಾಖಲೆಯ ಕೆಲಸ ಅವರನ್ನು ಬಿಟ್ಟು ನಡೆಯುವಂಥದ್ದಲ್ಲ.

ಮಳೆಗಾಲದಲ್ಲಿ ಕಡಲು ಉಕ್ಕಿದಾಗ ಕರ್ನಾಟಕದ ದಡಕ್ಕೂ ಬಲೆಯ ತುಂಡುಗಳು ಬಂದು ಬೀಳುತ್ತವೆ. ದಡದಲ್ಲಿ ಬೆಳಗಿನ ನಡಿಗೆಗೆ ಹೋದವರಿಗೆ ಆಮೆ ಸಮೇತ ಬಲೆ ಕಂಡರೆ ಅದನ್ನು ಎಳೆದಾಡಬಾರದು. ಬಿಗಿದ ನೂಲನ್ನು ಜಗ್ಗಿದರೆ ಗಾಯ ಹೆಚ್ಚುತ್ತದೆ. ಕೂಡಲೇ ನೀರಿಗೆ ಬಿಡುವುದೂ ತಪ್ಪು. ಸತ್ತಂತೆ ಬಿದ್ದಿರುವ ಆಮೆ ಎಷ್ಟೋ ಗಂಟೆಗಳ ನಂತರ ಉಸಿರಾಡಿ ಚೇತರಿಸಿಕೊಂಡದ್ದುಂಟು, ಆ ಸ್ಥಿತಿಯಲ್ಲಿ ನೀರಿಗಿಳಿಸಿದರೆ ಅದು ಮುಳುಗಿ ಸಾಯುತ್ತದೆ. ನೆರಳಿನಲ್ಲಿರಿಸಿ, ಮೂಗು ಬಿಟ್ಟು ಬೆನ್ನಿಗೆ ಒದ್ದೆ ಬಟ್ಟೆ ಹೊದಿಸಿ, ನಾಯಿಗಳು ಬರದಂತೆ ಕಾಯುತ್ತ ಅರಣ್ಯ ಇಲಾಖೆಗೆ ತಿಳಿಸಬೇಕು. ಆಲಿವ್ ರಿಡ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಜೀವಿ. ಇಲಾಖೆಯವರು ಬರುವಷ್ಟರಲ್ಲಿ ಬಲೆಯ ಪಕ್ಕ ಸ್ಕೇಲು, ಅದಿಲ್ಲದಿದ್ದರೆ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಬಹುದು. ಜಾಗ, ಹೊತ್ತು, ಬಣ್ಣ ಬರೆದುಕೊಳ್ಳಬಹುದು. ಕಸದ ಗಾಡಿ ಬಂದು ಬಲೆಯನ್ನು ಒಯ್ದ ಮೇಲೆ ಈ ವಿವರಗಳು ಬೇರೆಲ್ಲೂ ಸಿಗುವುದಿಲ್ಲ.