ಅಟ್ಟದೊಳಗಿನ ತಂಪುಗಾಳಿಯ ಕೊಳವೆ ಬೆವರುವದೇಕೆ?

ಶಾಲೆಯ ಹಳೆಯ ದಿನಗಳನ್ನು ಕುರಿತು ಈ ಸಂಚಿಕೆಯಲ್ಲಿ ಬರೆಯುವವರು ಅನೇಕರಿರುವದರಿಂದ, ನಾವು ಗೃಹಕೃತ್ಯಕ್ಕೆ ಸೇರಿದ ಒಂದು ವಿಷಯವನ್ನು ವಿವರಿಸಲು ಅಪ್ಪಣೆ ಬೇಡುತ್ತೇವೆ. ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಈಚೆಗೆ ಕಟ್ಟಿದ ಮನೆಗಳಲ್ಲಿಯೂ, ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳು ತಂದೆತಾಯಿಗಳ ಸುಖಕ್ಕಾಗಿ ದುರಸ್ತಿ ಮಾಡಿಸಿದ ಹಳೆಯ ಮನೆಗಳಲ್ಲಿಯೂ ಹವಾನಿಯಂತ್ರಣದ ಯಂತ್ರಗಳು ಬಂದಿವೆ. ಕೆಲವರು ಒಂದೇ ಯಂತ್ರವನ್ನು ಅಟ್ಟದಲ್ಲಿಟ್ಟು, ಅದರ ತಂಪುಗಾಳಿಯನ್ನು ತಗಡಿನ ದೊಡ್ಡ ಕೊಳವೆಗಳ ಮೂಲಕ ಕೋಣೆಕೋಣೆಗೂ ಒಯ್ಯುತ್ತಾರೆ. ಕೆಲಸಗಾರರು ಈ ಕೊಳವೆಗೆ ಡಕ್ಟ್ ಎನ್ನುವರು. ಕೋಣೆಗಳು ತಂಪಾಗಿರುವವು; ಆದರೆ ಕೊಳವೆ ಹಾದುಹೋಗುವ ಅಟ್ಟವು ತಂಪಲ್ಲ. ತೊಂದರೆಯ ಮೂಲವು ಇಲ್ಲಿಯೇ ಇರುವದು.

ಹೊನ್ನಾವರದ ನಮ್ಮ ಮನೆಯಲ್ಲಿ ನಡೆದುದನ್ನು ಮೊದಲು ಹೇಳುವೆವು. ನಮ್ಮ ತಾಯಿಯವರಿಗೆ ಉಬ್ಬಸದ ಬಾಧೆಯುಂಟು. ಅವರ ನಿದ್ರೆಗೆ ಅನುಕೂಲವಾಗಲೆಂದು ಮಸ್ಕತ್ತಿನಲ್ಲಿರುವ ನಮ್ಮ ತಮ್ಮನು ಇಂತಹ ಯಂತ್ರವನ್ನು ಹಾಕಿಸಿಕೊಟ್ಟನು. 2023ರ ಮೇ ತಿಂಗಳಲ್ಲಿ ಒಂದು ಮುಂಜಾನೆ ತಾಯಿಯವರ ಮಂಚದ ಮೇಲೆ ನೀರು ತೊಟ್ಟಿಕ್ಕಿತು. ಮುಚ್ಚಿಗೆಯ ಹಲಗೆಯಲ್ಲಿ ಕಪ್ಪು ಕಲೆ ಮೂಡಿತ್ತು. ನಾವು ವಿಚಾರಿಸದೆ, ತಂದೆಯವರ ಕಾಲದಿಂದಲೂ ನಮ್ಮ ಮನೆಯ ಹಂಚು ಕೈಯಾಡಿಸುತ್ತಿದ್ದ ಕೆಲಸಗಾರನನ್ನು ಕರೆಯಿಸಿ, ಅವನ ಅಜಾಗ್ರತೆಯೇ ಇದಕ್ಕೆ ಕಾರಣವೆಂದು ಕಟುವಾಗಿ ನುಡಿದೆವು. ಆ ವೃದ್ಧನು ಎರಡು ಸಲ ಮೇಲೆ ಹತ್ತಿ, ಹಂಚುಗಳನ್ನು ಬದಲಿಸಿ, ಕೂಲಿಯನ್ನೂ ಕೇಳದೆ ಇಳಿದನು. ಆದರೂ ನೀರು ನಿಲ್ಲಲಿಲ್ಲ. ಮೂರನೆಯ ಸಲ ಕರೆದಾಗ ಅವನು, “ಅಕ್ಕೋರೆ, ಮಳೆಯೇ ಬಾರದ ರಾತ್ರಿ ಹಂಚು ಹೇಗೆ ಸೋರೀತು?” ಎಂದು ಮೆಲ್ಲಗೆ ಕೇಳಿದನು.

ಎಷ್ಟೋ ವರ್ಷಗಳಿಂದ ಹುಡುಗಿಯರಿಗೆ ಇಬ್ಬನಿಯ ಪಾಠವನ್ನು ಹೇಳಿಕೊಡುತ್ತ ಬಂದ ನಮಗೆ ಆ ಪ್ರಶ್ನೆಯಿಂದ ನಾಚಿಕೆಯಾಯಿತು. ಉತ್ತರವು ನಮ್ಮ ಪಾಠದಲ್ಲಿಯೇ ಇತ್ತು.

ಬೇಸಿಗೆಯಲ್ಲಿ ತಣ್ಣೀರು ತುಂಬಿದ ಹಿತ್ತಾಳೆಯ ಚೊಂಬಿನ ಹೊರಮೈ ತೇವವಾಗುವದನ್ನು ಎಲ್ಲರೂ ಕಂಡಿದ್ದೀರಿ. ಚೊಂಬು ಸೋರಿದ್ದಲ್ಲ, ಆ ನೀರು ಗಾಳಿಯೊಳಗಿನಿಂದ ಬಂದುದು. ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಾವಿ ಯಾವಾಗಲೂ ಇರುವದು. ಗಾಳಿ ತಣ್ಣಗಾದಷ್ಟೂ ಅದರಲ್ಲಿ ಹಿಡಿಯುವ ಆವಿಯು ಕಡಿಮೆ. ಯಾವ ಉಷ್ಣತೆಗೆ ಇಳಿದಾಗ ಹೆಚ್ಚಿನ ಆವಿಯು ಹನಿಗಟ್ಟಲಾರಂಭಿಸುವದೋ ಅದಕ್ಕೆ ಇಬ್ಬನಿ ಬಿಂದು ಎಂದು ಹೆಸರು. ಇಬ್ಬನಿಯು ಆಕಾಶದಿಂದ ಉದುರುವದೆಂದು ಹಿಂದೆ ಅನೇಕರು ನಂಬಿದ್ದರು. ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯನು 1814ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸುತ್ತಲಿನ ಗಾಳಿಗಿಂತ ತಣ್ಣಗಾದ ವಸ್ತುವಿನ ಮೇಲೆ ಗಾಳಿಯ ಆವಿಯೇ ಹನಿಯಾಗಿ ಕೂಡುವದೆಂದು ಪ್ರಯೋಗಗಳಿಂದ ತೋರಿಸಿದನು. ಅಟ್ಟದ ಕೊಳವೆಯ ಮೇಲೆ ಕೂಡುವದೂ ಇದೇ ಇಬ್ಬನಿ.

ಈಗ ನಮ್ಮ ಕರಾವಳಿಯ ಲೆಕ್ಕವನ್ನು ನೋಡೋಣ. ರಾತ್ರಿಯಲ್ಲಿ ಗಾಳಿಯ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ನೂರಕ್ಕೆ 85 ಇದೆಯೆಂದು ಇಟ್ಟುಕೊಳ್ಳಿರಿ. ಆಗ ಇಬ್ಬನಿ ಬಿಂದುವು ಸುಮಾರು 25 ಡಿಗ್ರಿ. ಅಂದರೆ ಗಾಳಿಗಿಂತ ಮೂರೇ ಡಿಗ್ರಿ ತಣ್ಣಗಿರುವ ವಸ್ತುವೂ ಬೆವರುವದು. ಕೊಳವೆಯೊಳಗಿನ ಗಾಳಿಯಾದರೋ ಸುಮಾರು 14 ಡಿಗ್ರಿಯಷ್ಟು ತಣ್ಣಗೆ. ಅಂತಹ ರಾತ್ರಿಯ ಒಂದು ಘನ ಮೀಟರು ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಾವಿಯಿರುವದು, 14 ಡಿಗ್ರಿಗೆ ಇಳಿದರೆ ಅದು 12 ಗ್ರಾಮಿಗಿಂತ ಹೆಚ್ಚು ಹಿಡಿಯಲಾರದು, ಉಳಿದುದು ನೀರಾಗಲೇಬೇಕು. ಬೆಂಗಳೂರಿನ ಒಣ ಮಧ್ಯಾಹ್ನದಲ್ಲಿ ಅದೇ 28 ಡಿಗ್ರಿಯ ಗಾಳಿಗೆ ಆರ್ದ್ರತೆ ನೂರಕ್ಕೆ 40 ಆದರೆ, ಇಬ್ಬನಿ ಬಿಂದುವು 13 ಡಿಗ್ರಿ ಮಾತ್ರ. ಅಲ್ಲಿ ಬರಿಯ ತಗಡೂ ಒಣಗಿಯೇ ಇದ್ದೀತು. ಆದುದರಿಂದ ಘಟ್ಟದ ಮೇಲೆ ಸಾಕಾದ ಹೊದಿಕೆಯು ಘಟ್ಟದ ಕೆಳಗೆ ಸಾಲದು.

ಅಟ್ಟಕ್ಕೆ ಗಾಳಿಯಾಡಿಸಿದರೆ ತೇವ ಹೋಗದೇ, ಎಂದು ಕೆಲವರು ಕೇಳುವರು. ನಮ್ಮ ಮನೆಗಳ ಮೇಲಿರುವ ಮಂಗಳೂರು ಹಂಚು, 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಕರಾವಳಿಯಲ್ಲೆಲ್ಲ ಹಬ್ಬಿದುದು. ಅದು ಮಳೆಯನ್ನು ತಡೆದು, ಸಂದುಗಳಿಂದ ಗಾಳಿಯನ್ನು ಒಳಕ್ಕೆ ಬಿಡುವದು. ಆದುದರಿಂದ ಅಟ್ಟದ ಗಾಳಿಯೆಂದರೆ ಸಮುದ್ರದ ಮೇಲಿಂದ ಬಂದ ಹೊರಗಿನ ಗಾಳಿಯೇ ಸರಿ. ಕಿಟಕಿಯನ್ನು ತೆರೆದರೆ ಬರುವದೂ ಅದೇ. ಹಂಚು ಕಾಯುವ ಮಧ್ಯಾಹ್ನದಲ್ಲಿ ಹೊದಿಕೆಯ ಹೊರಮೈ ಬೆಚ್ಚಗಾಗಿ ಬೆವರು ನಿಲ್ಲಬಹುದು. ಅಟ್ಟವು ತಣಿದ ಮೇಲೆ, ನಡುರಾತ್ರಿಯಿಂದ ಬೆಳಗಿನ ತನಕ, ಮತ್ತೆ ಹನಿಗಟ್ಟುವದು. ನಮ್ಮ ತಾಯಿಯವರ ಮಂಚವು ಮುಂಜಾನೆಯೇ ತೋಯ್ದುದು ಈ ಕಾರಣದಿಂದ.

ನೀರು ಎಲ್ಲಿಯದೆಂದು ತಿಳಿಯಲು ಸುಲಭವಾದ ಪರೀಕ್ಷೆಯುಂಟು. ಮಳೆ ಬರುವ ರಾತ್ರಿ ಯಂತ್ರವನ್ನು ನಿಲ್ಲಿಸಿರಿ. ಆಗಲೂ ತೊಟ್ಟಿಕ್ಕಿದರೆ ದೋಷವು ಮಾಡಿನದು. ಮಳೆಯಿಲ್ಲದ ರಾತ್ರಿ ಯಂತ್ರ ನಡೆಯುವಾಗ ಯಂತ್ರದ ಕೆಳಗೆ ಮಾತ್ರ ನೀರು ಬಿದ್ದರೆ, ಅದರ ನೀರು ಹೊರಹೋಗುವ ನಳಿಗೆ ಕಟ್ಟಿರಬಹುದು. ಕೊಳವೆಯುದ್ದಕ್ಕೂ, ವಿಶೇಷವಾಗಿ ಅದರ ಕೀಲುಗಳಲ್ಲಿಯೂ ತೂಗುಪಟ್ಟಿಗಳಲ್ಲಿಯೂ ಹನಿಯಿದ್ದರೆ ಅದು ಬೆವರೇ. ಬರಿಯ ಮುಚ್ಚಿಗೆಯನ್ನು ನೋಡಿ ತೀರ್ಮಾನಿಸಬಾರದು. ನೀರು ಹಲಗೆಯ ಮೇಲೆ ಹರಿದು ಬೇರೆಲ್ಲಿಯೋ ಬೀಳುವದುಂಟು.

ಪರಿಹಾರವೆಂದರೆ ಬೀಳುವ ಹನಿಗೆ ಪಾತ್ರೆಯಿಡುವದಲ್ಲ. ತೇವದ ಗಾಳಿಯು ತಣ್ಣನೆಯ ಮೈಯನ್ನು ಮುಟ್ಟದಂತೆ ಮಾಡುವದು. ಇದಕ್ಕೆ ಎರಡು ಸಂಗತಿಗಳು ಬೇಕು. ಮೊದಲನೆಯದು ಹೊದಿಕೆಯ ದಪ್ಪ. ಮೇಲೆ ಹೇಳಿದ ರಾತ್ರಿಯಲ್ಲಿ 12 ಮಿಲಿಮೀಟರು ದಪ್ಪದ ಸಾಮಾನ್ಯ ಹೊದಿಕೆಯ ಹೊರಮೈ ಸುಮಾರು 24 ಡಿಗ್ರಿಗೆ ಇಳಿದು ಬೆವರುವದು. 25 ಮಿಲಿಮೀಟರು ಇದ್ದರೆ ಸ್ವಲ್ಪದರಲ್ಲಿ ಪಾರಾಗುವದು. 50 ಮಿಲಿಮೀಟರು ಇದ್ದರೆ ಆರ್ದ್ರತೆ 90ಕ್ಕೆ ಏರಿದರೂ ಒಣಗಿರುವದು. ಆಷಾಢದ ಜಡಿಮಳೆಯಲ್ಲಿ ಆರ್ದ್ರತೆಯು 95ನ್ನು ದಾಟಿದರೆ ದಪ್ಪವೊಂದೇ ಕಾಪಾಡಲಾರದು. ಅಂಥ ದಿನಗಳಲ್ಲಿ ಯಂತ್ರಕ್ಕೆ ವಿಶ್ರಾಂತಿ ಕೊಡುವದೇ ಲೇಸು.

ಎರಡನೆಯದು ಮತ್ತು ಹೆಚ್ಚಾಗಿ ಮರೆಯುವಂಥದು, ಆವಿ ನುಸುಳದಂತಹ ಹೊರಕವಚ. ಗಾಜಿನ ಉಣ್ಣೆಯ ಹೊದಿಕೆಗೆ ಹೊರಗಡೆ ಅಲ್ಯೂಮಿನಿಯಮ್ ಹಾಳೆ ಹರಿಯದೆ ಇರಬೇಕು. ಪ್ರತಿಯೊಂದು ಕೀಲನ್ನೂ ಅಂಟುಪಟ್ಟಿಯಿಂದ ಮುಚ್ಚಬೇಕು. ಒಂದೇ ಕಡೆ ಬಿರುಕಿದ್ದರೂ ಆವಿಯು ಒಳಹೊಕ್ಕು ತಗಡಿನ ಮೇಲೆ ನೀರಾಗುವದು. ಉಣ್ಣೆ ತೋಯ್ದು ತನ್ನ ಗುಣವನ್ನು ಕಳೆದುಕೊಳ್ಳುವದು. ಅದರಿಂದ ಮತ್ತಷ್ಟು ನೀರು ಕೂಡುವದು. ಮುಚ್ಚಿದ ರಂಧ್ರಗಳುಳ್ಳ ನೈಟ್ರೈಲ್ ರಬ್ಬರಿನ ಹೊದಿಕೆಯೊಳಕ್ಕೆ ಆವಿಯು ಸುಲಭವಾಗಿ ಇಳಿಯದು. ಆದರೆ ಅದರ ಕೀಲುಗಳನ್ನೂ ಬಿಗಿಯಾಗಿ ಅಂಟಿಸಲೇಬೇಕು. ತೋಯ್ದ ಉಣ್ಣೆಯ ಮೇಲೆ ಹೊಸ ಹಾಳೆಯನ್ನು ಸುತ್ತುವದು ಗಾಯವನ್ನು ತೊಳೆಯದೆ ಪಟ್ಟಿ ಕಟ್ಟಿದಂತೆಯೇ. ಅದನ್ನು ತೆಗೆದು, ತಗಡನ್ನು ಒಣಗಿಸಿ, ತಂಪುಗಾಳಿ ಸೋರುವ ಸಂದುಗಳನ್ನು ಮುಚ್ಚಿ, ಆಮೇಲೆ ಹೊಸದನ್ನು ಹೊದಿಸಬೇಕು. ತೂಗುಪಟ್ಟಿಯು ಹೊದಿಕೆಯನ್ನು ಹಿಚುಕಬಾರದು. ಯಂತ್ರದ ಗಾಳಿಸೋಸುಕವನ್ನು ಆಗಾಗ ತೊಳೆಯಬೇಕು. ಧೂಳು ಕಟ್ಟಿದರೆ ಗಾಳಿಯ ಹರಿವು ಕುಗ್ಗಿ, ಕೊಳವೆಯು ಇನ್ನಷ್ಟು ತಣ್ಣಗಾಗುವದು. ಕೊಳವೆಗಳಿಲ್ಲದೆ ಗೋಡೆಗೆ ಯಂತ್ರವನ್ನು ಹಾಕಿಸಿದವರೂ ತಾಮ್ರದ ನಳಿಗೆಯ ಹೊದಿಕೆಯನ್ನು ಇದೇ ರೀತಿ ನೋಡಿಕೊಳ್ಳತಕ್ಕದ್ದು. ಹೊಸದಾಗಿ ಮನೆ ಕಟ್ಟುವವರು ಕೊಳವೆಯನ್ನು ಅಟ್ಟದಲ್ಲಿ ಒಯ್ಯದೆ, ತಂಪಾದ ಕೋಣೆಯೊಳಗೇ ಮುಚ್ಚಿಗೆಯ ಕೆಳಗಿನಿಂದ ಒಯ್ದರೆ ಎಲ್ಲಕ್ಕಿಂತ ಉತ್ತಮ. ಅಲ್ಲಿಯ ಗಾಳಿಯ ತೇವವನ್ನು ಯಂತ್ರವು ಆಗಲೇ ಹೀರಿರುವದು.

ಇದನ್ನು ಅಲ್ಪ ವಿಷಯವೆಂದು ತಳ್ಳಬೇಡಿರಿ. ತೇವವು ನಿಂತಲ್ಲಿ ಬೂಷ್ಟು ಬೆಳೆಯುವದು. ಬೂಷ್ಟಿನಿಂದ ಉಬ್ಬಸವು ಹೆಚ್ಚುವದು. ತಾಯಿಯವರ ಉಸಿರಿಗೆ ಹಿತವಾಗಲೆಂದು ತಂದ ಯಂತ್ರವೇ ಅವರಿಗೆ ಅಹಿತವಾಗುವದರಲ್ಲಿತ್ತು. ಪಕಾಸಿ, ರೀಪು, ಹಲಗೆಗಳು ಕುಂಬಾಗುವವು, ಒರಲೆಗೆ ದಾರಿಯಾಗುವದು, ವಿದ್ಯುತ್ತಿನ ತಂತಿಗಳಿರುವಲ್ಲಿ ಅಪಾಯವೂ ಉಂಟು. ಪರದೇಶದಲ್ಲಿ ಬೆವರು ಸುರಿಸಿ ಗಳಿಸಿದ ಹಣವನ್ನು ಹಂಚು ಬದಲಿಸುವದರಲ್ಲಿಯೂ ಬಣ್ಣ ಬಳಿಯುವದರಲ್ಲಿಯೂ ಕಳೆಯುವದು ಯಾರಿಗೆ ಹಿತ?

ನಾವು ಹಳೆಯ ಹೊದಿಕೆಯನ್ನು ತೆಗೆಯಿಸಿ, 50 ಮಿಲಿಮೀಟರಿನದನ್ನು ಕೀಲು ಬಿಡದೆ ಹೊದಿಸಿದೆವು. ಆಮೇಲಿನ ಬೇಸಿಗೆಗಳಲ್ಲಿ ಮಂಚದ ಮೇಲೆ ಹನಿ ಬೀಳಲಿಲ್ಲ. ಹಂಚಿನ ಕೆಲಸದ ವೃದ್ಧನ ಮನೆಗೆ ನಾವೇ ಹೋಗಿ, ನಮ್ಮ ತಪ್ಪನ್ನು ಒಪ್ಪಿಕೊಂಡು, ಎರಡು ದಿನದ ಕೂಲಿಯನ್ನು ಅವನ ಕೈಯಲ್ಲಿಟ್ಟೆವು. ಅವನು ನಗುತ್ತ, “ಅಟ್ಟದ ಮಳೆ ನಿಂತಿತೇ, ಅಕ್ಕೋರೆ?” ಎಂದು ಕೇಳಿ, ಮುಂಗಾರಿಗೆ ಮುಂಚೆ ಬಂದು ಕೈಯಾಡಿಸುವೆನೆಂದು ಮಾತು ಕೊಟ್ಟನು.

ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಮನೆಯೊಡತಿಯರು. ನಿಮ್ಮ ಮುಚ್ಚಿಗೆಯಲ್ಲಿ ಕಲೆ ಕಂಡರೆ, ಯಾರನ್ನಾದರೂ ದೂರುವ ಮುಂಚೆ ಒಂದು ದೀಪವನ್ನು ಹಿಡಿದು ಅಟ್ಟವನ್ನು ಹತ್ತಿ, ಕೊಳವೆಯನ್ನು ಕೈಯಿಂದ ಮುಟ್ಟಿ ನೋಡಿರೆಂದು ನಮ್ಮ ವಿಜ್ಞಾಪನೆ.