ಅಂಗಡಿಯ ಮೇಜಿಗೆ ಬಂದ ತಯಾರಕ: ಅಮೆರಿಕದ ಬೌರ್ಬನ್ ವ್ಯಾಪಾರದ ಒಂದು ಸಂಜೆ

ಸಾಬೂನು, ಬಿಸ್ಕತ್ತುಗಳ ತಯಾರಕರಿಗೆ ಅಮೆರಿಕದಲ್ಲಿ ಇರುವ ಹಲವು ಅನುಕೂಲಗಳು ಅಲ್ಲಿನ ವಿಸ್ಕಿ ತಯಾರಕನಿಗೆ ಇಲ್ಲ. ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಜಾಗಕ್ಕಾಗಿ ಆತ ವ್ಯಾಪಾರಿಗೆ ಹಣ ತೆರುವಂತಿಲ್ಲ. ಮಾರಿದಷ್ಟಕ್ಕೆ ಹಣ ಕೊಡಿ, ಉಳಿದದ್ದನ್ನು ಹಿಂತಿರುಗಿಸಿ ಎಂಬ ಕರಾರಿನ ಮೇಲೆ ಸರಕು ಇಳಿಸುವಂತಿಲ್ಲ. ಬಹುತೇಕ ರಾಜ್ಯಗಳಲ್ಲಿ ಸಗಟು ವಿತರಕನನ್ನು ಬಿಟ್ಟು ನೇರವಾಗಿ ಅಂಗಡಿಗೆ ಮಾರುವುದಕ್ಕೂ ಅವಕಾಶವಿಲ್ಲ. ಕಾನೂನು ಅವನಿಗೆ ಬಿಟ್ಟಿರುವ ಕೆಲವೇ ಮಾರ್ಗಗಳಲ್ಲಿ ಒಂದೆಂದರೆ, ಬಡಾವಣೆಯ ಮದ್ಯದಂಗಡಿಗೆ ಸ್ವತಃ ಬಂದು, ಮೇಜಿನ ಹಿಂದೆ ನಿಂತು, ತಾನು ತಯಾರಿಸಿದ್ದನ್ನು ಗ್ರಾಹಕರ ಲೋಟಕ್ಕೆ ಒಂದೊಂದು ಗುಟುಕು ಸುರಿದು, ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುವುದು. ಕೆಂಟಕಿ ರಾಜ್ಯದಲ್ಲಿಯೂ ಅದರಾಚೆಗೂ ನಡೆಯುವ ಬೌರ್ಬನ್ ಆಸ್ವಾದನ ಕೂಟಗಳಿಗೆ ಇಷ್ಟೊಂದು ಮಹತ್ವ ಬಂದಿರುವುದು ಈ ಕಾರಣದಿಂದ.

ಈ ಕಟ್ಟುಪಾಡುಗಳಿಗೆ ಇತಿಹಾಸದ ಹಿನ್ನೆಲೆಯಿದೆ. ಪಾನನಿಷೇಧಕ್ಕೆ ಮುಂಚೆ ಅಮೆರಿಕದ ಬಹಳಷ್ಟು ಪಾನಗೃಹಗಳು ತಯಾರಕರ, ಮುಖ್ಯವಾಗಿ ಬಿಯರ್ ಕಂಪನಿಗಳ, ಸಾಲದಲ್ಲಿ ಸಿಲುಕಿ ಅವರು ಹೇಳಿದ ಸರಕನ್ನೇ ಮಾರುತ್ತಿದ್ದವು. 1933ರಲ್ಲಿ ಸಂವಿಧಾನದ 21ನೆಯ ತಿದ್ದುಪಡಿಯ ಮೂಲಕ ನಿಷೇಧ ತೆರವಾದಾಗ, ಹಳೆಯ ರೋಗ ಮರುಕಳಿಸದಿರಲೆಂದು ತಯಾರಕ, ಸಗಟು ವಿತರಕ, ಚಿಲ್ಲರೆ ವ್ಯಾಪಾರಿ ಎಂಬ ಮೂರು ಹಂತಗಳನ್ನು ರಾಜ್ಯಗಳು ಬೇರ್ಪಡಿಸಿದವು. 1935ರ ಕೇಂದ್ರ ಕಾಯಿದೆಯು ತಯಾರಕರು ಅಂಗಡಿಗಳಿಗೆ ಆಮಿಷ ಒಡ್ಡುವುದನ್ನು ನಿರ್ಬಂಧಿಸಿತು. 17 ರಾಜ್ಯಗಳಲ್ಲಿ ಸಗಟು ವ್ಯಾಪಾರದಲ್ಲಿ ಸರ್ಕಾರವೇ ಕೈಯಿಟ್ಟಿದೆ. ಪೆನ್ಸಿಲ್ವೇನಿಯದಲ್ಲಿ ವಿಸ್ಕಿಯ ಚಿಲ್ಲರೆ ಅಂಗಡಿಯೂ ಸರ್ಕಾರದ್ದೇ.

ಇದರಿಂದ ವ್ಯಾಪಾರಿಗೆ ಸ್ವಾತಂತ್ರ್ಯ ದೊರೆಯಿತು, ಜೊತೆಗೆ ನಷ್ಟದ ಹೊಣೆಯೂ ಬಂದಿತು. ಹೆಸರು ಕೇಳಿರದ ಸಣ್ಣ ಡಿಸ್ಟಿಲರಿಯ ಹತ್ತು ಪೆಟ್ಟಿಗೆ ಕೊಂಡು, ಅವು ಮಾರಾಟವಾಗದಿದ್ದರೆ ಆ ಬಂಡವಾಳ ಕಪಾಟಿನಲ್ಲೇ ಕೂತುಬಿಡುತ್ತದೆ. ಮಾರಾಟವಾಗಲಿಲ್ಲವೆಂಬ ಕಾರಣಕ್ಕೆ ಸರಕನ್ನು ಹಿಂದಿರುಗಿಸಲು ಬರುವುದಿಲ್ಲ. ಕೂಟ ಏರ್ಪಡಿಸುವ ಅಂಗಡಿಯವನು ಗ್ರಾಹಕರನ್ನು ರಂಜಿಸುವುದಕ್ಕಿಂತ ಹೆಚ್ಚಾಗಿ ತನ್ನ ಖರೀದಿಯ ನಿರ್ಧಾರವನ್ನು ಪರೀಕ್ಷೆಗೆ ಒಡ್ಡುತ್ತಿರುತ್ತಾನೆ.

ಲೆಕ್ಕಾಚಾರ

ಕೂಟದ ಖರ್ಚು ಊಹಿಸುವಷ್ಟು ದೊಡ್ಡದಲ್ಲ. ಒಂದು ಗುಟುಕಿಗೆ 15 ಮಿಲಿಲೀಟರ್ ಎಂದಿಟ್ಟುಕೊಂಡರೆ 750 ಮಿಲಿಲೀಟರ್ ಬಾಟಲಿಯಲ್ಲಿ 50 ಗುಟುಕುಗಳಾಗುತ್ತವೆ. 25 ಜನರಿಗೆ ನಾಲ್ಕು ಬಗೆಯ ಬೌರ್ಬನ್ ಕೊಟ್ಟರೂ ಪ್ರತಿ ಬಾಟಲಿಯಲ್ಲಿ ಅರ್ಧ ಉಳಿಯುತ್ತದೆ. ಒಟ್ಟು ವೆಚ್ಚವಾಗುವುದು ಎರಡು ಬಾಟಲಿಯಷ್ಟು. ಈ ಬಾಟಲಿಗಳನ್ನು ತಯಾರಕನು ಅದೇ ಅಂಗಡಿಯಿಂದ ಕೊಳ್ಳಬಹುದು, ಆದರೆ ಸಾಮಾನ್ಯ ಚಿಲ್ಲರೆ ಬೆಲೆಗಿಂತ ಹೆಚ್ಚು ಕೊಡಕೂಡದು ಎಂದು ಕೇಂದ್ರದ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ರುಚಿ ತೋರಿಸುವ ನೆಪದಲ್ಲಿ ಅಂಗಡಿಯವನ ಜೇಬಿಗೆ ಹಣ ಸೇರದಿರಲೆಂಬುದು ಇದರ ಉದ್ದೇಶ. ಒಬ್ಬರಿಗೆ ಎಷ್ಟು ಸುರಿಯಬಹುದು, ಪ್ರತ್ಯೇಕ ಪರವಾನಗಿ ಬೇಕೇ, ಯಾವ ವೇಳೆಯಲ್ಲಿ ನಡೆಸಬೇಕು ಎಂಬುದೆಲ್ಲ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲವು ಊರುಗಳಂತೂ ತಮ್ಮದೇ ನಿಬಂಧನೆಗಳನ್ನು ಇದಕ್ಕೆ ಸೇರಿಸುತ್ತವೆ.

ಸುರಿಯುವ ಕ್ರಮಕ್ಕೆ ತಕ್ಕ ಕಾರಣವಿದೆ. ಶೇ. 40ರಿಂದ 45ರಷ್ಟು ಮದ್ಯಸಾರದ ಮೃದು ಬಗೆಯಿಂದ ಆರಂಭಿಸಿ, ಶೇ. 50ರದ್ದನ್ನು ನಡುವೆ ಇಟ್ಟು, ಪೀಪಾಯಿಯಿಂದ ನೀರು ಬೆರೆಸದೆ ತೆಗೆದ, ಶೇ. 60 ಮೀರುವ ಬಗೆಯನ್ನು ಕೊನೆಗೆ ಕೊಡಬೇಕು. ಕ್ರಮ ತಲೆಕೆಳಗಾದರೆ ಮೊದಲ ಗುಟುಕಿಗೇ ನಾಲಿಗೆ ಸೋತು, ಉಳಿದ ಮೂರು ನೀರಿನಂತೆ ಭಾಸವಾಗುತ್ತವೆ. ಉಪ್ಪಿಲ್ಲದ ಬಿಸ್ಕತ್ತು, ತಣ್ಣಗಿಲ್ಲದ ನೀರು, ಮೇಲ್ಭಾಗ ಕಿರಿದಾದ ಲೋಟ ಇಷ್ಟಿದ್ದರೆ ಸಾಕು. ಮೂಸುವಾಗ ಬಾಯಿಯನ್ನು ತುಸು ತೆರೆದಿಟ್ಟುಕೊಂಡರೆ ಮದ್ಯಸಾರದ ಘಾಟು ಮೂಗಿಗೆ ಅಷ್ಟಾಗಿ ಹೊಡೆಯುವುದಿಲ್ಲ. ಜಿಮ್ ಬೀಮ್ ಅವರ ಮೊಮ್ಮಗ ಬೂಕರ್ ನೋ, ವಿಸ್ಕಿಯನ್ನು ಬಾಯಿತುಂಬ ಹರಡಿಕೊಂಡು ಅಗಿಯುವವರಂತೆ ಸವಿಯುತ್ತಿದ್ದರು. ಆ ರೀತಿಗೆ ‘ಕೆಂಟಕಿ ಚ್ಯೂ’ ಎಂಬ ಹೆಸರೇ ಬಿದ್ದಿದೆ. 1990ರ ದಶಕದಲ್ಲಿ ಅವರು ಊರೂರು ಸುತ್ತಿ ಇಂತಹ ಕೂಟಗಳಲ್ಲಿ ಮಾತನಾಡಿದರು. ಕಾರ್ಖಾನೆಯೊಳಗಿದ್ದ ತಂತ್ರಜ್ಞನನ್ನು ಗ್ರಾಹಕರ ಮುಂದೆ ತಂದು ನಿಲ್ಲಿಸುವ ಪದ್ಧತಿ ಬಲಗೊಂಡದ್ದು ಅವರಿಂದ ಮತ್ತು 1954ರಲ್ಲಿ ವೈಲ್ಡ್ ಟರ್ಕಿ ಡಿಸ್ಟಿಲರಿಗೆ ಸೇರಿದ ಜಿಮ್ಮಿ ರಸೆಲ್ ಅವರಂತಹವರಿಂದ.

ತಿಳಿದ ಗ್ರಾಹಕನ ಪ್ರಶ್ನೆ

ಬೌರ್ಬನ್‌ನ ವ್ಯಾಖ್ಯೆ ಕಾನೂನಿನಲ್ಲೇ ಇದೆ. ಧಾನ್ಯದ ಮಿಶ್ರಣದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳವಿರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು, ಪೀಪಾಯಿಗೆ ತುಂಬುವಾಗ ಮದ್ಯಸಾರ ಶೇ. 62.5 ಮೀರಬಾರದು, ಬಣ್ಣವನ್ನಾಗಲಿ ಸುವಾಸನೆಯನ್ನಾಗಲಿ ಬೆರೆಸುವಂತಿಲ್ಲ. ಬಾಟಲಿಯ ಕೆಂಪು ಕಂದು ಬಣ್ಣವೆಲ್ಲ ಮರದ್ದು. ಕೆಂಟಕಿಯ ಬಹುಮಹಡಿ ಉಗ್ರಾಣಗಳಲ್ಲಿ ಮೇಲಿನ ಅಂತಸ್ತು ಹೆಚ್ಚು ಕಾಯುವುದರಿಂದ ಅಲ್ಲಿನ ಪೀಪಾಯಿಯಲ್ಲಿ ನೀರು ಬೇಗ ಆವಿಯಾಗಿ ಮದ್ಯಸಾರದ ಪ್ರಮಾಣ ಏರುತ್ತದೆ. ಕೆಳಗಿನ ತಂಪಿನಲ್ಲಿ ಅದು ನಿಧಾನವಾಗಿ ಹದಗೊಳ್ಳುತ್ತದೆ. ಒಂದೇ ದಿನ ತುಂಬಿದ ಎರಡು ಪೀಪಾಯಿಗಳು ಆರು ವರ್ಷಗಳ ಬಳಿಕ ಬೇರೆ ಬೇರೆ ರುಚಿ ಕೊಡುವುದೇಕೆಂದು ಡಿಸ್ಟಿಲರ್ ಎರಡು ಲೋಟ ಹಿಡಿದು ವಿವರಿಸತೊಡಗಿದಾಗ ಅಂಗಡಿ ಮೌನವಾಗುತ್ತದೆ. ಜಾಹೀರಾತಿನ ಯಾವ ಮಾತಿಗೂ ಇಲ್ಲದ ಬಲ ಇದಕ್ಕಿದೆ.

ಆದರೆ ಇದೇ ಮೇಜು ತಯಾರಕನಿಗೆ ಅಪಾಯಕಾರಿಯೂ ಆಗಬಲ್ಲದು. ಹೊಸದಾಗಿ ಆರಂಭವಾದ ಡಿಸ್ಟಿಲರಿ ತನ್ನ ವಿಸ್ಕಿ ಹದಕ್ಕೆ ಬರಲು ವರ್ಷಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಕಂದಾಯ, ಬಡ್ಡಿ, ಸಂಬಳ ನಿಲ್ಲುವುದಿಲ್ಲ. ಹೀಗಾಗಿ ಹಲವರು ಇಂಡಿಯಾನದ ಲಾರೆನ್ಸ್‌ಬರ್ಗ್‌ನಲ್ಲಿರುವ ದೊಡ್ಡ ಕಾರ್ಖಾನೆಯಂತಹ ಕಡೆಯಿಂದ ಹದಗೊಂಡ ವಿಸ್ಕಿಯನ್ನು ಕೊಂಡು ತಮ್ಮ ಚೀಟಿ ಅಂಟಿಸುತ್ತಾರೆ. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ಆದರೆ ಬಟ್ಟಿ ಇಳಿಸಿದ ರಾಜ್ಯ ಬೇರೆಯಾಗಿದ್ದರೆ ಅದನ್ನು ಚೀಟಿಯ ಮೇಲೆ ಹೇಳಬೇಕು. ಅಜ್ಜನ ಕಾಲದ ಪಾಕವೆಂದು ಡಿಸ್ಟಿಲರ್ ಬಣ್ಣಿಸುತ್ತಿರುವಾಗ ಹಿಂದಿನ ಸಾಲಿನ ಗ್ರಾಹಕನೊಬ್ಬ ಬಾಟಲಿ ತಿರುಗಿಸಿ ‘ಇಂಡಿಯಾನದಲ್ಲಿ ಬಟ್ಟಿ ಇಳಿಸಿದ್ದು’ ಎಂದು ಓದಿದರೆ ಕೂಟ ಅಲ್ಲಿಗೆ ಮುಗಿದಂತೆ. ಆ ಮುಜುಗರ ಅಂಗಡಿಯವನಿಗೂ ತಟ್ಟುತ್ತದೆ. ಡಿಸ್ಟಿಲರ್ ಮರುದಿನ ಬೇರೆ ಊರಿನಲ್ಲಿರುತ್ತಾನೆ, ಅಂಗಡಿಯವನು ಅದೇ ಬೀದಿಯಲ್ಲಿರುತ್ತಾನೆ. ‘ಇದು ಕೊಂಡದ್ದು, ನಮ್ಮ ಸ್ವಂತದ್ದು ಇನ್ನೂ ಎರಡು ವರ್ಷದ್ದಷ್ಟೇ, ಎರಡನ್ನೂ ಕುಡಿದು ನೋಡಿ’ ಎಂದು ಮೊದಲೇ ಹೇಳುವವನ ಬಾಟಲಿಗಳು ಹೆಚ್ಚು ಹೋಗುತ್ತವೆ. ಕೂಟಕ್ಕೆ ಒಪ್ಪುವ ಮುನ್ನ ಚೀಟಿಯನ್ನು ತಾನೇ ಓದದ ವ್ಯಾಪಾರಿ ದುಬಾರಿ ಪಾಠ ಕಲಿಯುತ್ತಾನೆ.

ಅಂಗಡಿಯ ಹೆಸರಿನ ಪೀಪಾಯಿ

ಹಲವೆಡೆ ಕೂಟ ಮುಂದಿನ ಒಂದು ದೊಡ್ಡ ಖರೀದಿಗೆ ಪೀಠಿಕೆ. 1984ರಲ್ಲಿ ಎಲ್ಮರ್ ಟಿ. ಲೀ ಅವರು ಫ್ರಾಂಕ್‌ಫರ್ಟ್‌ನ ಇಂದಿನ ಬಫೆಲೊ ಟ್ರೇಸ್ ಡಿಸ್ಟಿಲರಿಯಲ್ಲಿ ‘ಬ್ಲಾಂಟನ್ಸ್’ ಹೊರತಂದ ಬಳಿಕ, ಮಿಶ್ರಣ ಮಾಡದೆ ಒಂದೇ ಪೀಪಾಯಿಯಿಂದ ತುಂಬಿದ ಬೌರ್ಬನ್‌ಗೆ ಬೇಡಿಕೆ ಹುಟ್ಟಿತು. ಈಗ ಬಡಾವಣೆಯ ಅಂಗಡಿಗಳೂ ವಿತರಕನ ಮೂಲಕ ಇಡೀ ಪೀಪಾಯಿಯನ್ನು ಆರಿಸಿ ತಮ್ಮ ಹೆಸರಿನ ಚೀಟಿಯೊಡನೆ ಮಾರುತ್ತವೆ. ಸುಮಾರು 200 ಲೀಟರ್ ಹಿಡಿಯುವ ಪೀಪಾಯಿಯಿಂದ, ಆವಿಯಾದದ್ದನ್ನು ಕಳೆದು, ಸಾಮಾನ್ಯವಾಗಿ 150ರಿಂದ 200 ಬಾಟಲಿ ಸಿಗುತ್ತವೆ. ಅಷ್ಟನ್ನೂ ಸಣ್ಣ ಅಂಗಡಿ ಒಟ್ಟಿಗೆ ಕೊಳ್ಳಬೇಕು. ಪೀಪಾಯಿ ಆರಿಸಲು ನೆಚ್ಚಿನ ಗ್ರಾಹಕರನ್ನೇ ಕೂರಿಸುವ ಜಾಣ ವ್ಯಾಪಾರಿಗೆ, ಸರಕು ಬರುವ ಮೊದಲೇ ಕೊಳ್ಳುವವರು ಸಿದ್ಧರಿರುತ್ತಾರೆ.

ತಯಾರಕನ ಕಡೆಯ ಒತ್ತಡ ಇದಕ್ಕಿಂತ ತೀವ್ರವಾದುದು. ಕೆಂಟಕಿಯ ಉಗ್ರಾಣಗಳಲ್ಲಿ ಹದಗೊಳ್ಳುತ್ತಿರುವ ಬೌರ್ಬನ್ ಪೀಪಾಯಿಗಳು 2025ರಲ್ಲಿ 1.6 ಕೋಟಿ ದಾಟಿದ್ದವು. ಆ ರಾಜ್ಯದ ಜನಸಂಖ್ಯೆ ಸುಮಾರು 45 ಲಕ್ಷ. ಅಂದರೆ ತಲೆಗೆ ಮೂರಕ್ಕೂ ಹೆಚ್ಚು ಪೀಪಾಯಿ. ಹದಗೊಳ್ಳುತ್ತಿರುವ ಪೀಪಾಯಿಯ ಮೇಲೂ ವರ್ಷವರ್ಷ ಆಸ್ತಿ ತೆರಿಗೆಯಿದ್ದು, 2023ರ ಶಾಸನದ ಪ್ರಕಾರ ಅದು 2026ರಿಂದ ಹಂತಹಂತವಾಗಿ ಇಳಿದು 2043ರ ವೇಳೆಗೆ ಇಲ್ಲವಾಗಬೇಕು. ಜಿಮ್ ಬೀಮ್ ಸಂಸ್ಥೆಯು ಕ್ಲೆರ್ಮಾಂಟ್‌ನ ತನ್ನ ಮುಖ್ಯ ಘಟಕದಲ್ಲಿ 2026ರಲ್ಲಿ ಬಟ್ಟಿ ಇಳಿಸುವುದನ್ನು ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ದೊಡ್ಡವರು ತಯಾರಿಕೆಯನ್ನು ತಡೆಹಿಡಿದು ಕಾಯಬಲ್ಲರು. ಐದಾರು ವರ್ಷ ಹಿಂದೆ ಸಾಲ ಮಾಡಿ ಪೀಪಾಯಿ ತುಂಬಿದ ಸಣ್ಣವನಿಗೆ ಮಂಗಳವಾರ ಸಂಜೆ ಇಪ್ಪತ್ತೈದು ಜನ ಸೇರುವ ಅಂಗಡಿಯೇ ಮಾರುಕಟ್ಟೆ.

ಕರ್ನಾಟಕದ ವ್ಯಾಪಾರಿಗಳಿಗೆ ಈ ಮೂರು ಹಂತಗಳ ಏರ್ಪಾಡು ತೀರ ಅಪರಿಚಿತವಲ್ಲ. ಇಲ್ಲಿ 2003ರಿಂದ ರಾಜ್ಯ ಪಾನೀಯ ನಿಗಮವೇ ತಯಾರಕ ಮತ್ತು ಅಂಗಡಿಯ ನಡುವೆ ನಿಂತಿದೆ. ಆದರೆ ಸಿಎಲ್-2 ಪರವಾನಗಿ ಮಾರಾಟಕ್ಕೆ ಮಾತ್ರ ಸೀಮಿತ. ಅಂಗಡಿಯೊಳಗೆ ಲೋಟ ತುಂಬುವಂತಿಲ್ಲ. ಬೌರ್ಬನ್ ಮೇಲಿನ ಆಮದು ಸುಂಕವನ್ನು ಭಾರತ ಸರ್ಕಾರ 2025ರ ಫೆಬ್ರವರಿಯಲ್ಲಿ ಶೇ. 150ರಿಂದ 100ಕ್ಕೆ ಇಳಿಸಿತು. ಬಾಟಲಿಗಳಷ್ಟೇ ಅಲ್ಲ, ಪೀಪಾಯಿಗಳೂ ಇಲ್ಲಿಗೆ ಬರುತ್ತವೆ. ಹೊಸ ಪೀಪಾಯಿಯ ನಿಯಮದಿಂದಾಗಿ ಬೌರ್ಬನ್‌ಗೆ ಎರಡನೆಯ ಸಲ ಒದಗದ ಓಕ್ ಪೀಪಾಯಿಗಳಲ್ಲಿ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟ್ ಅನ್ನು ಹದಗೊಳಿಸುತ್ತದೆ. ಕೆಂಟಕಿಯಲ್ಲಿ ವರ್ಷಕ್ಕೆ ಶೇ. 4ರ ಆಸುಪಾಸಿನಲ್ಲಿ ಆವಿಯಾಗುವುದು ಇಲ್ಲಿ ಶೇ. 10 ಮೀರುತ್ತದೆ. ಆ ವಿಸ್ಕಿ 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾಯಿತು. ಅದಕ್ಕೂ ಮುನ್ನ ಸಂಸ್ಥೆಯವರು ಆ ನಗರದ ಪಬ್ಬೊಂದರಲ್ಲಿ ಹೆಸರು ಹೇಳದೆ ಅದನ್ನು ಕುಡಿಯಲು ಕೊಟ್ಟು, ಯಾವ ಊರಿನದೆಂದು ಊಹಿಸುವಂತೆ ಗಿರಾಕಿಗಳನ್ನು ಕೇಳಿದ್ದರು.