ಒಂದೇ ಗಾಳಿ, ಮೂರು ನೆಲ: ಗೋಕಾಕ, ಮೂಡಲಗಿ, ಹುಕ್ಕೇರಿಯ ಲೆಕ್ಕ

ಆಷಾಢದ ಗಾಳಿ ಉತ್ತರ ಕರ್ನಾಟಕದ ಜನರಿಗೆ ಹೊಸದಲ್ಲ. ಪಶ್ಚಿಮದಿಂದ ಮೋಡಗಳು ಸಾಲುಗಟ್ಟಿ ಬರುತ್ತವೆ, ನಾಲ್ಕು ಹನಿ ಉದುರಿಸಿ ಪೂರ್ವಕ್ಕೆ ಓಡುತ್ತವೆ. ಮಳೆ ನಿಂತರೂ ಗಾಳಿ ನಿಲ್ಲುವುದಿಲ್ಲ. ಬಿತ್ತಿದ ಹೊಲದ ಹಸಿ ಆರುವುದನ್ನು ನೋಡುವ ರೈತನಿಗೆ ಈ ಗಾಳಿ ವೈರಿಯಂತೆ ಕಂಡರೆ, ವಿದ್ಯುತ್ ಉತ್ಪಾದಿಸುವ ಕಂಪನಿಗಳಿಗೆ ಅದೇ ಬಂಡವಾಳ. ಬೆಳಗಾವಿ ಜಿಲ್ಲೆಯಲ್ಲಿ ಸವದತ್ತಿಯಂತಹ ಕಡೆ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುವುದು ಈಗ ನಿತ್ಯದ ನೋಟವಾಗಿದೆ.

ಗಾಳಿಯಂತ್ರದ ಮಾತು ಬಂದೊಡನೆ ಕೇಳಿಬರುವ ಮೊದಲ ಪ್ರಶ್ನೆ, "ಇಲ್ಲಿ ಗಾಳಿಯ ಸರಾಸರಿ ವೇಗ ಎಷ್ಟು?" ಎಂಬುದು. ಪ್ರಶ್ನೆ ಸರಳ, ಉತ್ತರ ಸರಳವಲ್ಲ. ಯಾವ ಜಾಗದಲ್ಲಿ, ಯಾವ ಎತ್ತರದಲ್ಲಿ, ಯಾವ ತಿಂಗಳಲ್ಲಿ ಅಳೆದದ್ದು ಎಂಬುದನ್ನು ಹೇಳದೆ ಕೊಡುವ ಸರಾಸರಿ ಅಂಕಿ ಅರ್ಧ ಸತ್ಯ ಮಾತ್ರ. ಆ ಅರ್ಧ ಸತ್ಯವನ್ನು ನಂಬಿ ಜಮೀನು ಗುತ್ತಿಗೆಗೆ ಕೊಡುವವರೂ ಇದ್ದಾರೆ, ಯೋಜನೆ ರೂಪಿಸುವವರೂ ಇದ್ದಾರೆ. ಪರಸ್ಪರ ಹೊಂದಿಕೊಂಡಂತಿರುವ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ದೇಶದ ಗಾಳಿ ನಕ್ಷೆ

ಭಾರತದಲ್ಲಿ ಗಾಳಿ ಎಲ್ಲೆಡೆ ಸಮನಾಗಿ ಬೀಸುವುದಿಲ್ಲ. ಗುಜರಾತಿನ ಕಛ್ ಮತ್ತು ಸೌರಾಷ್ಟ್ರ, ರಾಜಸ್ಥಾನದ ಜೈಸಲ್ಮೇರ್, ತಮಿಳುನಾಡಿನ ದಕ್ಷಿಣ ತುದಿ, ಆಂಧ್ರದ ರಾಯಲಸೀಮೆ, ಮಹಾರಾಷ್ಟ್ರ ಮತ್ತು ಕರ್ನಾಟಕಗಳ ಬಯಲುಸೀಮೆ ಗಾಳಿಗೆ ಹೆಸರಾದ ಪ್ರದೇಶಗಳು. ಗಂಗಾ ಬಯಲಿನಲ್ಲಿ ಹಾಗೂ ಅಸ್ಸಾಮಿನ ಬ್ರಹ್ಮಪುತ್ರಾ ಕಣಿವೆಯಲ್ಲಿ ವರ್ಷದ ಸರಾಸರಿ ವೇಗ ತೀರಾ ಕಡಿಮೆ.

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಮುಂಗಾರು ಮಾರುತ. ಬೇಸಿಗೆಯಲ್ಲಿ ಉಪಖಂಡದ ನೆಲ ಕಾದು ವಾಯುಭಾರ ಕುಸಿಯುತ್ತದೆ. ಸಾಗರದ ಮೇಲಿನ ಗಾಳಿ ಅತ್ತ ನುಗ್ಗುತ್ತದೆ. ಆಫ್ರಿಕಾದ ಪೂರ್ವ ಕರಾವಳಿಯ ಬಳಿ ಸಮಭಾಜಕ ವೃತ್ತವನ್ನು ದಾಟಿ ಅರಬ್ಬೀ ಸಮುದ್ರದ ಮೇಲೆ ಹಾದು ಬರುವ ಈ ಪ್ರವಾಹ, ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅತ್ಯಂತ ಬಿರುಸಾಗಿರುತ್ತದೆ. ಹವಾಮಾನ ತಜ್ಞರು ಇದನ್ನು ಕೆಳಮಟ್ಟದ ಜೆಟ್ ಪ್ರವಾಹ ಎನ್ನುತ್ತಾರೆ. ಮುಂಗಾರು ಚುರುಕಾಗಿರುವ ದಿನಗಳಲ್ಲಿ ಇದರ ನಡುಪಟ್ಟಿ 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ, ಅಂದರೆ ಗೋವಾ ಮತ್ತು ಉತ್ತರ ಕರ್ನಾಟಕದ ನೇರಕ್ಕೆ, ಪರ್ಯಾಯ ದ್ವೀಪವನ್ನು ದಾಟುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳು ಇರುವುದು 16 ಡಿಗ್ರಿಗಿಂತ ತುಸು ಮೇಲೆ. ಮುಂಗಾರಿಗೆ ವಿರಾಮ ಬಿದ್ದಾಗ ಈ ಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ. ನಮ್ಮ ಭಾಗದಲ್ಲಿ ಮಳೆಯ ಜೊತೆಗೆ ಗಾಳಿಯೂ ತಗ್ಗುತ್ತದೆ.

ಸಹ್ಯಾದ್ರಿಯ ಮರೆಯಲ್ಲಿ

ಸಮುದ್ರದಿಂದ ಬಂದ ಗಾಳಿಗೆ ಮೊದಲು ಎದುರಾಗುವುದು ಸಹ್ಯಾದ್ರಿ. ದಕ್ಷಿಣದಲ್ಲಿ ಆನೆಮುಡಿ, ನೀಲಗಿರಿಗಳಂತಹ ಎತ್ತರದ ಗೋಡೆಗಳಿವೆ. ಆ ಗೋಡೆಗಳ ನಡುವೆ ಪಾಲಕ್ಕಾಡ್ ಕಂಡಿಯಂತಹ ಬಾಗಿಲು ಸಿಕ್ಕ ಕಡೆ ಗಾಳಿ ನುಸುಳಿ ವೇಗ ಪಡೆಯುತ್ತದೆ. ತಮಿಳುನಾಡಿನ ಗಾಳಿ ವಿದ್ಯುತ್ ಬೆಳೆದದ್ದು ಇಂತಹ ಕಂಡಿಗಳ ಮುಂದೆ. ಗೋವಾ ಮತ್ತು ಬೆಳಗಾವಿಯ ನಡುವಣ ಸಹ್ಯಾದ್ರಿ ಅಷ್ಟು ಎತ್ತರವಿಲ್ಲ. ಗಾಳಿ ಇಲ್ಲಿ ಕಂಡಿಯನ್ನು ಹುಡುಕಬೇಕಾಗಿಲ್ಲ, ಬೆಟ್ಟವನ್ನೇ ಏರಿ ಬಯಲಿಗೆ ಇಳಿಯುತ್ತದೆ.

ಏರುವಾಗ ಅದು ಮಳೆಯನ್ನು ಕಳೆದುಕೊಳ್ಳುತ್ತದೆ. ಘಟ್ಟದ ಅಂಚಿನಲ್ಲಿರುವ ಮಹಾರಾಷ್ಟ್ರದ ಅಂಬೋಲಿಯಲ್ಲಿ ವರ್ಷಕ್ಕೆ 7 ಸಾವಿರ ಮಿ.ಮೀ. ಮಳೆಯಾದರೆ, ಅಲ್ಲಿಂದ ನೂರು ಕಿಲೋಮೀಟರಿನೊಳಗೇ ಇರುವ ಗೋಕಾಕದಲ್ಲಿ 600 ಮಿ.ಮೀ. ಆಸುಪಾಸು. ಮಳೆ ಹತ್ತರಲ್ಲಿ ಒಂದಕ್ಕೂ ಇಳಿಯುತ್ತದೆ, ಗಾಳಿ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ. ಮೋಡ ಓಡಿಹೋಗುತ್ತದೆ, ಮಳೆ ಬರುವುದಿಲ್ಲ ಎಂಬ ಬಯಲುಸೀಮೆಯ ಹಳೆಯ ಅಳಲಿಗೆ ಇದೇ ಕಾರಣ. ಕರ್ನಾಟಕದ ಒಳ್ಳೆಯ ಗಾಳಿ ತಾಣಗಳಲ್ಲಿ ಹೆಚ್ಚಿನವು, ಚಿತ್ರದುರ್ಗದ ಜೋಗಿಮಟ್ಟಿಯಿಂದ ಗದಗ ಸೀಮೆಯ ಗುಡ್ಡಗಳವರೆಗೆ, ಇರುವುದು ಇದೇ ಮಳೆ ನೆರಳಿನಲ್ಲಿ.

ಮೂರು ತಾಲ್ಲೂಕು, ಮೂರು ಬಗೆಯ ನೆಲ

ಪಶ್ಚಿಮದಿಂದ ಬರುವ ಗಾಳಿಗೆ ಮೂರರಲ್ಲಿ ಮೊದಲು ಸಿಗುವುದು ಹುಕ್ಕೇರಿ. ಸಂಕೇಶ್ವರ, ಹತ್ತರಗಿ, ಯಮಕನಮರಡಿ ಭಾಗದಲ್ಲಿ ನೆಲ ಏರಿಳಿತದಿಂದ ಕೂಡಿದೆ. ಘಟ್ಟದ ಸೆರಗು ಇಲ್ಲಿಯವರೆಗೆ ಚಾಚಿದೆ. ಗಾಳಿ ಒಂದು ದಿಣ್ಣೆಯನ್ನು ಏರುವಾಗ ಅದರ ಪದರಗಳು ಇಕ್ಕಟ್ಟಾಗುತ್ತವೆ, ನೆತ್ತಿಯ ಮೇಲೆ ವೇಗ ಹೆಚ್ಚುತ್ತದೆ. ದಿಣ್ಣೆಯ ಹಿಂಬದಿಯಲ್ಲಿ ಅದೇ ಗಾಳಿ ಸುಳಿಯಾಗಿ ಬಲ ಕಳೆದುಕೊಳ್ಳುತ್ತದೆ. ಇದೇ ತಾಲ್ಲೂಕಿನ ಹಿಡಕಲ್ ಜಲಾಶಯದ ವಿಶಾಲವಾದ ನೀರಿನ ಮೇಲೆ ಅಡೆತಡೆಯಿಲ್ಲದ ಕಾರಣ ಗಾಳಿ ಸಲೀಸಾಗಿ ಸಾಗುತ್ತದೆ. ಒಂದೇ ತಾಲ್ಲೂಕಿನೊಳಗೆ ನೆತ್ತಿ, ತಗ್ಗು, ನೀರು ಎಂದು ಮೂರು ಬಗೆ.

ಗೋಕಾಕದ್ದು ಮರಳುಗಲ್ಲಿನ ನಾಡು. 52 ಮೀಟರ್ ಎತ್ತರದಿಂದ ಘಟಪ್ರಭಾ ಧುಮುಕುವ ಗೋಕಾಕ ಜಲಪಾತ ಇದೇ ಕಲ್ಲಿನ ಅಂಚಿನಲ್ಲಿದೆ. ಗುಡ್ಡಗಳ ಮೇಲ್ಭಾಗ ಬಹುಮಟ್ಟಿಗೆ ಬೋಳು, ಚಪ್ಪಟೆ. ಕೆಳಗೆ ನದಿ ಕೊರೆದ ಕಣಿವೆ. ಗುಡ್ಡದ ಬುಡದಲ್ಲಿರುವ ಗೋಕಾಕ ಪಟ್ಟಣದ ಓಣಿಯಲ್ಲಿ ನಿಂತವನಿಗೆ ಸಿಗುವ ಗಾಳಿಗೂ, ಕೆಲವೇ ಕಿಲೋಮೀಟರ್ ದೂರದ ಗುಡ್ಡದ ಮೇಲಿನ ಗಾಳಿಗೂ ಅಜಗಜಾಂತರ. ಪಟ್ಟಣದಲ್ಲಿ ಅಳೆದು 'ಗೋಕಾಕದ ಸರಾಸರಿ' ಎಂದರೆ ಗುಡ್ಡಕ್ಕೆ ಅನ್ಯಾಯ. ಗುಡ್ಡದ ಮೇಲೆ ಅಳೆದು ಹಾಗೆಂದರೆ ಪಟ್ಟಣಕ್ಕೆ ಅದು ಸುಳ್ಳು.

ಹಿಂದೆ ಗೋಕಾಕದ ಭಾಗವಾಗಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಮೂಡಲಗಿ ಬಹುತೇಕ ಸಮತಟ್ಟು. ಘಟಪ್ರಭಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಇಲ್ಲಿ ಕಬ್ಬು, ಗೋವಿನಜೋಳ, ಅರಿಷಿಣ ಬೆಳೆದು ನಿಂತಿವೆ. ಆಳೆತ್ತರ ಮೀರಿದ ಕಬ್ಬು, ಬದುವಿನ ಮರಗಳು, ಮನೆಗಳು, ಎಲ್ಲವೂ ಗಾಳಿಯನ್ನು ನೆಲದ ಬಳಿ ತಡೆಯುತ್ತವೆ. ವಿಜ್ಞಾನಿಗಳು ಇದನ್ನು ನೆಲದ ಒರಟುತನ ಎನ್ನುತ್ತಾರೆ. ಒಣಬೇಸಾಯದ ಬಯಲಿಗೂ ನೀರಾವರಿ ಕಬ್ಬಿನ ಬಯಲಿಗೂ ಈ ಒರಟುತನದಲ್ಲಿ ಬಹಳ ಅಂತರವಿದೆ. ನೀರಾವರಿ ಬಂದ ಕಡೆ ಆಳೆತ್ತರದ ಗಾಳಿಯೂ ಬದಲಾಗುತ್ತದೆ ಎಂಬುದು ಅನೇಕರು ಗಮನಿಸದ ಸಂಗತಿ.

ಎತ್ತರ ಬದಲಾದರೆ ಅಂಕಿ ಬದಲು

ಹವಾಮಾನ ಕೇಂದ್ರಗಳಲ್ಲಿ ಗಾಳಿಯನ್ನು ಅಳೆಯಲು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಎತ್ತರ 10 ಮೀಟರ್. ಇಂದಿನ ಗಾಳಿಯಂತ್ರಗಳ ಕಂಬಗಳು 100ರಿಂದ 140 ಮೀಟರ್ ಮುಟ್ಟಿವೆ. ಬಯಲಿನಲ್ಲಿ ಸಾಮಾನ್ಯವಾಗಿ ಬಳಸುವ ಸೂತ್ರದ ಪ್ರಕಾರ, 10 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 4 ಮೀಟರ್ ಇರುವ ಗಾಳಿ, 100 ಮೀಟರ್ ಎತ್ತರದಲ್ಲಿ ಸುಮಾರು 5.6 ಮೀಟರ್ ಆಗುತ್ತದೆ. ಗಂಟೆಯ ಲೆಕ್ಕದಲ್ಲಿ ಹೇಳುವುದಾದರೆ 14 ಕಿಲೋಮೀಟರ್ ಇದ್ದದ್ದು 20 ಆಗುತ್ತದೆ. ಕಬ್ಬು, ಮರಗಳು ದಟ್ಟವಾಗಿರುವ ಕಡೆ ಕೆಳಗಿನ ಮತ್ತು ಮೇಲಿನ ಗಾಳಿಯ ಅಂತರ ಇನ್ನೂ ಹೆಚ್ಚು. ಹಾಗಾಗಿ ಹೊಲದಲ್ಲಿ ಗಾಳಿ ಇಲ್ಲವೆಂದು ಕಂಡ ಮೂಡಲಗಿಯ ಬಯಲೂ ಎತ್ತರದ ಕಂಬಕ್ಕೆ ಅಯೋಗ್ಯವೆಂದು ಹೇಳಲಾಗದು.

ರಾಜ್ಯಮಟ್ಟದ ಅಂಕಿಗಳೂ ಇದನ್ನೇ ಹೇಳುತ್ತವೆ. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಅಂದಾಜಿನಂತೆ 100 ಮೀಟರ್ ಎತ್ತರದಲ್ಲಿ ಕರ್ನಾಟಕದ ಗಾಳಿ ವಿದ್ಯುತ್ ಸಾಮರ್ಥ್ಯ ಸುಮಾರು 55,800 ಮೆಗಾವಾಟ್. 120 ಮೀಟರಿನಲ್ಲಿ 1.24 ಲಕ್ಷ ಮೆಗಾವಾಟ್. 150 ಮೀಟರಿನಲ್ಲಿ 1.69 ಲಕ್ಷ ಮೆಗಾವಾಟ್. ಲೆಕ್ಕದ ವಿಧಾನ ಸುಧಾರಿಸಿದ್ದೂ ಈ ಏರಿಕೆಗೆ ಒಂದು ಕಾರಣವೇ. ಆದರೂ ರಾಜ್ಯದ ನೆಲ ಅದೇ, ಗಾಳಿ ಅದೇ; ಅಳೆಯುವ ಎತ್ತರ ಏರಿದಂತೆ ಅಂಕಿ ಏರಿದೆ.

ಸರಾಸರಿ ಮುಚ್ಚಿಡುವ ಸತ್ಯ

ಗಾಳಿಯ ಲೆಕ್ಕದಲ್ಲಿ ಅತಿ ಮುಖ್ಯವಾದ ಸೂತ್ರವೊಂದಿದೆ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟು. ಸೆಕೆಂಡಿಗೆ 5 ಮೀಟರ್ ಇದ್ದ ವೇಗ 6 ಮೀಟರ್ ಆದರೆ ಹೆಚ್ಚಳ ಶೇ. 20 ಮಾತ್ರ, ಶಕ್ತಿಯ ಹೆಚ್ಚಳ ಶೇ. 73. ಜಲಪಾತದ ನೀರಿನ ಲೆಕ್ಕ ಹೀಗಿಲ್ಲ. 19ನೇ ಶತಮಾನದ ಕೊನೆಯಲ್ಲಿ ಗೋಕಾಕದ ಗಿರಣಿಯನ್ನು ನಡೆಸಿದ್ದು ಜಲಪಾತದ ನೀರಿನ ಬಲ. ಅಲ್ಲಿ ನೀರು ಶೇ. 20 ಹೆಚ್ಚಿದರೆ ಶಕ್ತಿಯೂ ಶೇ. 20ರಷ್ಟೇ ಹೆಚ್ಚುತ್ತದೆ. ಗಾಳಿಯಲ್ಲಿ ಸಣ್ಣ ತಪ್ಪಂದಾಜು ದೊಡ್ಡ ನಷ್ಟವಾಗುವುದು ಈ ಘನದ ಲೆಕ್ಕದಿಂದ.

ಇನ್ನೊಂದು ಉದಾಹರಣೆ ನೋಡೋಣ. ಒಂದು ಜಾಗದಲ್ಲಿ ವರ್ಷವಿಡೀ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಗಾಳಿ ಬೀಸುತ್ತದೆ ಎಂದಿಟ್ಟುಕೊಳ್ಳಿ. ಇನ್ನೊಂದು ಜಾಗದಲ್ಲಿ ಆರು ತಿಂಗಳು 9 ಮೀಟರ್, ಆರು ತಿಂಗಳು 3 ಮೀಟರ್. ಎರಡರ ಸರಾಸರಿಯೂ 6. ಆದರೆ ಘನಗಳನ್ನು ಲೆಕ್ಕ ಹಾಕಿದರೆ ಮೊದಲನೆಯದು 216, ಎರಡನೆಯದು 378. ಸರಾಸರಿ ಒಂದೇ ಆದರೂ ಎರಡನೆಯ ಜಾಗದ ಗಾಳಿಯಲ್ಲಿ ಮುಕ್ಕಾಲು ಪಾಲು ಹೆಚ್ಚು ಶಕ್ತಿ ಇದೆ. ನಮ್ಮ ಮೂರು ತಾಲ್ಲೂಕುಗಳ ಗಾಳಿ ಈ ಎರಡನೆಯ ಬಗೆಯದು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿಯ ಅಬ್ಬರ, ಅಕ್ಟೋಬರ್ ಹೊತ್ತಿಗೆ ನಿಶ್ಶಬ್ದ, ಚಳಿಗಾಲದಲ್ಲಿ ಸೌಮ್ಯವಾದ ಮೂಡಣ ಗಾಳಿ.

ಗಾಳಿ ಇದ್ದಾಗ ಬೇಡಿಕೆ ಇಲ್ಲ

ಇಲ್ಲಿಯೇ ನಿಜವಾದ ತೊಡಕು. ದೇಶದ ಗಾಳಿ ವಿದ್ಯುತ್ತಿನ ಸುಮಾರು ಮೂರನೇ ಎರಡು ಭಾಗ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಐದು ತಿಂಗಳಲ್ಲೇ ಉತ್ಪಾದನೆಯಾಗುತ್ತದೆ. ಮಳೆಗಾಲದಲ್ಲಿ ಹಿಡಕಲ್ ಜಲಾಶಯವೂ ತುಂಬುತ್ತಿರುತ್ತದೆ, ಪಂಪ್‌ಸೆಟ್ಟುಗಳು ಬಹುಮಟ್ಟಿಗೆ ಸುಮ್ಮನಿರುತ್ತವೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಕಬ್ಬಿಗೆ ನೀರುಣಿಸಲು ವಿದ್ಯುತ್ ಬೇಕೇ ಬೇಕು. ಆಗ ಗಾಳಿ ಮಂದ. ವರ್ಷದ ಸರಾಸರಿ ಈ ಹೊಂದಾಣಿಕೆಯಿಲ್ಲದ ಸ್ಥಿತಿಯನ್ನು ಸಂಪೂರ್ಣವಾಗಿ ಮರೆಮಾಚುತ್ತದೆ.

ಹುಕ್ಕೇರಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ರಾಜ್ಯದಲ್ಲಿ ಸಹಕಾರಿ ತತ್ವದ ಮೇಲೆ ವಿದ್ಯುತ್ ವಿತರಿಸುವ ಏಕೈಕ ಸಂಸ್ಥೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಲ್ಲಿ ಸ್ಥಾಪನೆಯಾಯಿತು. ಗೋಕಾಕ, ಮೂಡಲಗಿಗಳಿಗೆ ಹೆಸ್ಕಾಂ ವಿದ್ಯುತ್ ಪೂರೈಸಿದರೆ, ಇಲ್ಲಿ ಗ್ರಾಹಕರೇ ಸದಸ್ಯರು. ಸ್ಥಳೀಯ ಗಾಳಿಯನ್ನು ಸ್ಥಳೀಯವಾಗಿ ಬಳಸುವ ಮಾತು ಆಕರ್ಷಕವೇ ಸರಿ, ಆದರೆ ಬೇಸಿಗೆಯ ಕೊರತೆಯನ್ನು ಗಾಳಿಯೊಂದೇ ತುಂಬಲಾರದು. ಬೇಸಿಗೆಯ ಹಗಲಿನಲ್ಲಿ ಸೌರ ವಿದ್ಯುತ್, ಮಳೆಗಾಲದಲ್ಲಿ ಮತ್ತು ರಾತ್ರಿಯಲ್ಲಿ ಗಾಳಿ ಎಂದು ಎರಡನ್ನೂ ಜೊತೆಗೂಡಿಸಿದಾಗ ಮಾತ್ರ ಲೆಕ್ಕ ಸರಿಹೊಂದುತ್ತದೆ. 2024-25ನೇ ಸಾಲಿನಲ್ಲಿ 1,331 ಮೆಗಾವಾಟ್ ಹೊಸ ಗಾಳಿ ವಿದ್ಯುತ್ ಸಾಮರ್ಥ್ಯ ಸೇರಿಸಿ ಕರ್ನಾಟಕ ದೇಶದಲ್ಲೇ ಮೊದಲ ಸ್ಥಾನ ಪಡೆಯಿತು. ಸಾಮರ್ಥ್ಯ ಹೆಚ್ಚಿದಂತೆ ಋತುಮಾನದ ಈ ಏರುಪೇರನ್ನು ನಿಭಾಯಿಸುವ ಹೊಣೆಯೂ ಹೆಚ್ಚುತ್ತದೆ.

ಅಳತೆಯೇ ಆಧಾರ

ಭಾರತದಲ್ಲಿ ಗಾಳಿಯನ್ನು ಶಾಸ್ತ್ರೀಯವಾಗಿ ಅಳೆಯುವ ಕಾರ್ಯಕ್ಕೆ ತಳಹದಿ ಹಾಕಿದವರಲ್ಲಿ ಹವಾಮಾನ ವಿಜ್ಞಾನಿ ಅಣ್ಣಾ ಮಣಿ ಪ್ರಮುಖರು. ಹವಾಮಾನ ಇಲಾಖೆಯಿಂದ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿ ನೆಲೆಸಿ, ದೇಶದ ನಾನಾ ಕಡೆ ಗಾಳಿ ಸಮೀಕ್ಷೆ ನಡೆಸಿ ಸಂಪುಟಗಳನ್ನು ಹೊರತಂದರು. ಊಹೆಯಿಂದಲ್ಲ, ಸ್ಥಳದಲ್ಲೇ ಕಂಬ ನೆಟ್ಟು ಅಳೆದ ಅಂಕಿಗಳಿಂದ ಗಾಳಿಯನ್ನು ಅರಿಯಬೇಕೆಂಬುದು ಆ ಕೆಲಸ ಕಲಿಸಿದ ಪಾಠ.

ಇಂದು ಉಪಗ್ರಹ ಮಾಹಿತಿ ಮತ್ತು ಗಣಕಯಂತ್ರದ ಮಾದರಿಗಳಿಂದ ತಯಾರಿಸಿದ ಗಾಳಿ ನಕ್ಷೆಗಳು ಎಲ್ಲರಿಗೂ ಲಭ್ಯವಿವೆ. ತಾಲ್ಲೂಕಿನ ಸಾಮಾನ್ಯ ಚಿತ್ರಕ್ಕೆ ಅವು ಉಪಯುಕ್ತ. ಒಂದು ಗುಡ್ಡದ ನೆತ್ತಿಗೂ ಪಕ್ಕದ ತಗ್ಗಿಗೂ ಇರುವ ಅಂತರವನ್ನು ನಿಖರವಾಗಿ ಹೇಳಲು ಸಾಲವು. ಜಮೀನನ್ನು ದಶಕಗಳ ಕಾಲ ಗುತ್ತಿಗೆಗೆ ಕೊಡಲು ಮುಂದಾಗುವ ರೈತರು ಕೆಲವು ಪ್ರಶ್ನೆ ಕೇಳುವುದು ಒಳಿತು. ಗಾಳಿಯನ್ನು ಈ ಜಾಗದಲ್ಲೇ ಅಳೆಯಲಾಗಿದೆಯೇ? ಎಷ್ಟು ಎತ್ತರದಲ್ಲಿ? ಕನಿಷ್ಠ ಒಂದು ಪೂರ್ಣ ವರ್ಷದ ಅಂಕಿ ಇದೆಯೇ? ತಿಂಗಳುವಾರು ಲೆಕ್ಕ ಏನು? ಬರೀ ಜುಲೈ ತಿಂಗಳ ಅಳತೆ ತೋರಿಸಿದರೆ ಎಲ್ಲ ಗುಡ್ಡವೂ ಚಿನ್ನದ ಗಣಿ. ಅಕ್ಟೋಬರ್ ತೋರಿಸಿದರೆ ಎಲ್ಲವೂ ಬರಡು. ಬಾಡಿಗೆ ಉತ್ಪಾದನೆಯ ಪಾಲಿನ ರೂಪದಲ್ಲಿದ್ದರಂತೂ ಈ ಪ್ರಶ್ನೆಗಳು ರೈತನ ಆದಾಯವನ್ನೇ ನಿರ್ಧರಿಸುತ್ತವೆ.

'ಗಾಳಿ ಬಂದಾಗ ತೂರಿಕೋ' ಎಂಬ ಗಾದೆ ಹುಟ್ಟಿದ್ದು ಕಣದಲ್ಲಿ. ರಾಶಿ ಮಾಡುವ ಹಿರಿಯರಿಗೆ ವರ್ಷದ ಸರಾಸರಿ ಬೇಕಿರಲಿಲ್ಲ; ಯಾವ ತಿಂಗಳು, ಯಾವ ಹೊತ್ತು, ಯಾವ ದಿಕ್ಕಿನಿಂದ ಗಾಳಿ ಬರುತ್ತದೆಂಬುದು ತಿಳಿದಿತ್ತು, ಕಣವನ್ನೂ ಗಾಳಿಗೆ ತೆರೆದ ಜಾಗದಲ್ಲೇ ಮಾಡುತ್ತಿದ್ದರು. ಗಾಳಿಯಿಂದ ಬೆಳಕು ಪಡೆಯಹೊರಟ ಕಾಲದಲ್ಲಿಯೂ ಕೇಳಬೇಕಾದ ಪ್ರಶ್ನೆಗಳು ಅವೇ, ಉತ್ತರ ಮಾತ್ರ ಅಳತೆಯಿಂದ ಬರಬೇಕು.